ಕೆಂಪು ತಳದ ಹಡಗುಗಳು

ಐಸ್ ಕರಗಿದ ನೀರು ದಿವಾನಿನ ಕೆಳಗಿನ ಪೆಟ್ಟಿಗೆಗಳ ಕಡೆ ಹರಿಯತೊಡಗಿತ್ತು. ಶ್ರಾವ್ಯಾ ಮೊಣಕಾಲೂರಿ ಕುಳಿತು ಹಳೆಯ ಟವೆಲ್ಲಿನಿಂದ ಅದನ್ನು ತಡೆದು, ಬಕೆಟ್ಟಿಗೆ ಹಿಂಡಿ, ಮತ್ತೆ ತಡೆಯುತ್ತಿದ್ದಳು. ಹಜಾರದ ನಡುವೆ ಐಸಿನ ಚಪ್ಪಡಿಗಳು, ಅವುಗಳ ಮೇಲೆ ಚಾಪೆ, ಚಾಪೆಯ ಮೇಲೆ ಅವಳ ಅಪ್ಪ ಪುರುಷೋತ್ತಮ. ನಿನ್ನೆ ಸಂಜೆ ಚಹಾ ಬರಲಿ ಎಂದು ಕುಳಿತಿದ್ದವರು ಹಾಗೆಯೇ ಗೋಡೆಗೆ ಒರಗಿಬಿಟ್ಟಿದ್ದರು.

ಬೆಳಗಿನ ಐದಕ್ಕೆ ಅವಳು ಡೈರಿ ತೆರೆದು ಒಂದೇ ಸಾಲು ಬರೆದಿದ್ದಳು: ‘ಇವತ್ತು ಬಂದವರೆಲ್ಲ ನನ್ನ ಹತ್ತಿರ ಮಾತಾಡುತ್ತಾರೆ. ಬಾಯಿಗೆ ಮಾತೇ ಬರದಿದ್ದರೆ ಏನು ಮಾಡಲಿ.’ ಬರೆದ ಮೇಲೆ ನಾಚಿಕೆಯಾಯಿತು. ಅಪ್ಪ ಹೋದ ಹೊತ್ತಿನಲ್ಲೂ ತನಗೆ ತನ್ನ ಬಾಯಿಯದೇ ಚಿಂತೆ. ಬಿ.ಎ. ಮುಗಿದ ಎರಡು ವರ್ಷದಲ್ಲಿ ಸೆಕ್ಟರ್ ಫೈವ್‌ನ ಮೂರು ಕಾಲ್ ಸೆಂಟರುಗಳ ಸಂದರ್ಶನದಲ್ಲಿ ಅದು ಕೈಕೊಟ್ಟಿತ್ತು. ನಾಲ್ಕನೆಯದಕ್ಕೆ ಅವಳು ಹೋಗಿಯೇ ಇರಲಿಲ್ಲ.

“ಆ ಪೆಟಗಿ ಹೊರಗ ಎಳಿ, ಶ್ರಾವಿ. ನೀರು ಎಷ್ಟಂತ ಒರಸ್ತೀ,” ಎಂದರು ಚಂದ್ರಹಾಸ ಕಾಕಾ. ಅಪ್ಪನ ತಮ್ಮ, ರೈಲ್ವೆಯವರು. ಖರಗ್‌ಪುರದಿಂದ ಮೊದಲನೆಯ ಲೋಕಲ್ ಹಿಡಿದು ಬಂದಿದ್ದರು. “ಏನವ ಅದರಾಗ?”

ಶ್ರಾವ್ಯಾಳ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ಅವ್ವ ಉತ್ತರ ಕೊಟ್ಟಾಗಿತ್ತು.

“ಹಡಗ. ಮೂವತ್ತೊಂದು ವರ್ಷ ಖರೇ ಹಡಗಿಗೆ ಬಣ್ಣಾ ಬಳದದ್ದು ಸಾಲಲಿಲ್ಲ ನಿಮ್ಮಣ್ಣಗ.”

* * *

ಗಾರ್ಡನ್ ರೀಚಿನ ಹಡಗು ಕಾರ್ಖಾನೆಯಲ್ಲಿ ಪುರುಷೋತ್ತಮ ಅಂಕಿ ಬರೆಯುವವರು. ಹೊಸ ಹಡಗು ನೀರಿಗಿಳಿಯುವ ಮೊದಲು ಅದರ ಮೂತಿಯ ಮೇಲೆ, ಕೆಳಗಿನಿಂದ ಮೇಲಕ್ಕೆ ಏಣಿಯ ಹಾಗೆ, ಬಿಳಿ ಅಂಕಿಗಳು ಏರಬೇಕು. ನೀರು ಯಾವ ಅಂಕಿಗೆ ಮುಟ್ಟಿತೆಂದು ನೋಡಿದರೆ ಹಡಗು ಎಷ್ಟು ಮುಳುಗಿದೆ ಎಂದು ಗೊತ್ತಾಗುತ್ತದೆ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು, ಬೆನ್ನಿಗೆ ಹೂಗ್ಲಿ ನದಿಯ ಗಾಳಿ ಬಡಿಸಿಕೊಳ್ಳುತ್ತ, ಅಂಗೈಯಗಲದ ಅಂಕಿಗಳನ್ನು ಅವರು ಬರೆದರು. ಹಡಗುಗಳು ಹೋದವು. ಯಾವುದರಲ್ಲಿಯೂ ಅವರು ಒಂದು ದಿನ ಪ್ರಯಾಣ ಮಾಡಿದವರಲ್ಲ.

ನಿವೃತ್ತರಾಗಿ ಸಾಲ್ಟ್ ಲೇಕಿನ ಈ ಫ್ಲಾಟಿಗೆ ಬಂದ ವರ್ಷ ಒಂದು ಭಾನುವಾರ, ಮೇಲಿನ ಮನೆಯ ರೋಹಿತ್ ಮೆಟ್ಟಿಲ ಮೇಲೆ ಕುಳಿತು ಬೆರಳುದ್ದದ ಲೋಹದ ನೌಕೆಯೊಂದಕ್ಕೆ ರೆಕ್ಕೆ ಅಂಟಿಸುತ್ತಿದ್ದ. ಬೆಂಗಳೂರಿನ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ.

“ಎಡಕ್ಕ ವಾಲೇದ,” ಎಂದರು ಪುರುಷೋತ್ತಮ, ತರಕಾರಿ ಚೀಲ ಹಿಡಿದು ನಿಂತಲ್ಲೇ.

“ಅಂಕಲ್, ಇದು ಸ್ಪೇಸ್‌ಶಿಪ್. ಮೇಜಿನ ಮೇಲೆ ಆಡೋ ಯುದ್ಧದ ಆಟ. ಒಬ್ಬೊಬ್ಬನಿಗೂ ಒಂದು ಪಡೆ ಇರುತ್ತೆ, ದಾಳ ಹಾಕಿ ಹೊಡೀತೀವಿ.”

“ಯಾವದರೆ ಇರವಲ್ದ್ಯಾಕ. ಎಡಕ್ಕ ವಾಲೇದ.”

ಅದನ್ನು ಇಸಿದುಕೊಂಡು ಹೋದವರು ಎಂಟು ದಿನದ ಮೇಲೆ ತಂದುಕೊಟ್ಟರು. ವಾಲು ಹೋಗಿತ್ತು. ಖಾಲಿ ರೀಫಿಲ್ಲಿನ ಮೂತಿಗಳು ಫಿರಂಗಿಗಳಾಗಿದ್ದವು, ಕೆಟ್ಟ ಕೈಗಡಿಯಾರದ ಹಲ್ಲುಚಕ್ರಗಳು ಗೋಪುರವಾಗಿದ್ದವು. ಒಂದೇ ತಪ್ಪು. ನೌಕೆಯ ಕೆಳಗಿನ ಅರ್ಧಕ್ಕೆ ಹಡಗಿನ ತಳಕ್ಕೆ ಬಳಿಯುವ ಕೆಂಪು ಬಳಿದಿತ್ತು, ಮೂತಿಯ ಮೇಲೆ ಎರಡು, ನಾಲ್ಕು, ಆರು ಎಂದು ಸಾಸಿವೆಗಿಂತ ಸಣ್ಣ ಅಂಕಿಗಳು ಏರಿದ್ದವು.

ರೋಹಿತನೂ ಅವನ ಆಫೀಸಿನ ಮಿಹಿರನೂ ನಕ್ಕುಬಿಟ್ಟರು. “ಅಂಕಲ್, ಆಕಾಶದಲ್ಲಿ ನೀರೆಲ್ಲಿಂದ ಬರಬೇಕು? ಎಷ್ಟು ಮುಳುಗಿದೆ ಅಂತ ಯಾರು ನೋಡ್ತಾರೆ?”

ಪುರುಷೋತ್ತಮ ನಗಲಿಲ್ಲ. “ಕಟ್ಟೋದು ನೆಲದ ಮ್ಯಾಲೆ, ಇಳಿಸೋದು ನೀರಾಗ. ಆಮ್ಯಾಲೆ ಎಲ್ಲಿಗರೆ ಹೋಗಲಿ.”

ರೋಹಿತ್ ಆ ಕೆಂಪನ್ನು ಅಳಿಸಲಿಲ್ಲ. ಎರಡನೆಯ ಹಡಗಿಗೆ ಅವನೇ ಬಂದು ಕೆಂಪು ಬೇಕೆಂದ. ಮೂರು ವರ್ಷದಲ್ಲಿ ಅವು ನಲವತ್ತೊಂದಾದವು. ಭಾನುವಾರ ಬ್ಲಾಕಿನ ಸಭಾಂಗಣದಲ್ಲಿ ಟೇಬಲ್ ಟೆನಿಸ್ ಮೇಜಿನ ಮೇಲೆ ಕರಿ ಬಟ್ಟೆ ಹಾಸಿ ಆಟ ಶುರುವಾದರೆ, ಎದುರಿನವರು ಮೊದಲು ಸ್ವಲ್ಪ ಹೊತ್ತು ಬಗ್ಗಿ ನೋಡಿ, ಆಮೇಲೆ ದಾಳ ಕೈಗೆತ್ತಿಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಹಡಗುಗಳು ಮತ್ತೆ ಪುರುಷೋತ್ತಮರ ದಿವಾನಿನ ಕೆಳಗೆ ಸೇರುತ್ತಿದ್ದವು.

* * *

ಹತ್ತಕ್ಕೆ ರೋಹಿತ್, ಮಿಹಿರ್ ಇಬ್ಬರೂ ಬಂದರು. ರಾತ್ರಿ ಪಾಳಿ ಮುಗಿಸಿ ನೇರ ಬಂದದ್ದು. ಕೊರಳಲ್ಲಿ ಕಂಪನಿಯ ಕಾರ್ಡುಗಳು ಹಾಗೇ ತೂಗುತ್ತಿದ್ದವು. ಹೊರಗೆಳೆದಿಟ್ಟ ಪೆಟ್ಟಿಗೆಗಳನ್ನು ಮಿಹಿರ್ ಬಿಚ್ಚಿದ. ಟೀಪಾಯಿಯ ಮೇಲೆ ಶ್ರಾವ್ಯಾಳ ಕಪ್ಪು ದುಪಟ್ಟಾ ಹಾಸಿ ಒಂದೊಂದೇ ಹಡಗನ್ನು ಇಡತೊಡಗಿದ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಒಬ್ಬೊಬ್ಬರಾಗಿ ಅಲ್ಲಿಯೇ ನಿಂತರು. ಕಾಕಾ ಕನ್ನಡಕ ಹಣೆಗೇರಿಸಿ ಬಗ್ಗಿದರು. ಎದುರು ಮನೆಯ ಬಂಗಾಳಿ ಹೆಂಗಸು ಬಸು ಮಾಶಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತ ಬಂದವರು ಅದನ್ನೇ ಮರೆತು ನಿಂತರು.

“ಓ ಮಾ, ಕತೋ ಜಾನ್ಲಾ,” ಎಂದರು ಮೆಲ್ಲಗೆ. ಎಷ್ಟೊಂದು ಕಿಟಕಿ.

“ಇವೆಲ್ಲಾ ಅಣ್ಣನ ಕೈಲೇ ಬರದದ್ದೇನು?” ಕಾಕಾ ಕೇಳಿದರು. “ಊರಾಗಿದ್ದಾಗ ಅಂವಗ ಸೈಕಲ್ ಪಂಚರ್ ತಗಿಯಾಕ ಬರ್ತಿದ್ದಿಲ್ಲ. ನಾನ ತಗದುಕೊಡ್ತಿದ್ದೆ.”

ಯಾರೋ ನಕ್ಕರು. ಅವ್ವನೂ ಒಂದು ಚೂರು ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು.

ಆಗ ರೋಹಿತ್ ಮೇಲಿನ ತನ್ನ ಮನೆಗೆ ಹೋಗಿ ಹತ್ತಿಯಲ್ಲಿ ಸುತ್ತಿದ ಒಂದು ಡಬ್ಬಿ ತಂದ. ಹೋದ ವಾರವಷ್ಟೇ ಪುರುಷೋತ್ತಮ ಅವನ ಕೈಗೆ ಕೊಟ್ಟ ಹಡಗು, ಇಡೀ ಪಡೆಗೆ ಮುಖ್ಯವಾದದ್ದು. ಅಂಗೈ ಉದ್ದವಿತ್ತು. ಮೂರು ಬೇರೆ ಬೇರೆ ನೌಕೆಗಳನ್ನು ಕೊಯ್ದು ಕೂಡಿಸಿದ್ದು ಎಂದು ಹೇಳಿದರೂ ನಂಬುವಂತಿರಲಿಲ್ಲ, ಬೆಸುಗೆ ಎಲ್ಲಿಯೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಹದಿನೇಳು ಸಾಲು ಕಿಟಕಿಗಳು. ಕೆಲವು ಹಳದಿ, ಕೆಲವು ಕತ್ತಲೆ. ದೂರದಿಂದ ಅದು ಆಟಿಕೆ. ಕಣ್ಣಿನ ಮಟ್ಟಕ್ಕೆ ಹಿಡಿದರೆ ಮಾತ್ರ ಆಟಿಕೆಯೆಂಬುದು ಮರೆತು, ಇಡೀ ಊರೊಂದು ದೀಪ ಹಚ್ಚಿಕೊಂಡು ನಿಮ್ಮ ಎದುರಿನಿಂದ ಹಾಯುತ್ತಿರುವಂತೆ ಅನ್ನಿಸುತ್ತಿತ್ತು. ಅದು ಹಾಯ್ದು ಮುಗಿಯುವವರೆಗೆ ಉಸಿರು ಬಿಡಬಾರದು ಅನ್ನಿಸುತ್ತಿತ್ತು.

“ಆಂಟಿ, ಇದು ಅಂಕಲ್ ಮಾಡಿದ ಕೊನೇದು,” ಎಂದ ರೋಹಿತ್. “ಮಿಕ್ಕಿದ್ದೆಲ್ಲಾ ಚೆನ್ನಾಗೇ ಇದೆ. ಆದರೆ ಇದು ಬೇರೆ. ಈ ವಯಸ್ಸಲ್ಲಿ ಆ ಕೈ ಇಷ್ಟು ಸಣ್ಣದಾಗಿ ಹೇಗೆ ಓಡಿತೋ ನಮಗೆ ಗೊತ್ತಿಲ್ಲ.”

ಅವ್ವ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

“ಇದು ಅವರ ಜೋಡಿನ ಹೋಗಲಿ,” ಎಂದಳು. “ಕೈಯ ಕಡೀ ಕೆಲಸ. ಕೈ ಬಿಟ್ಟು ಇಲ್ಲೆ ಇದ್ದು ಏನ ಮಾಡ್ತದ.”

ರೋಹಿತನ ಮುಖ ಒಂದು ಕ್ಷಣ ಸಪ್ಪಗಾಯಿತು. ಮಿಹಿರನಿಗೆ ಹಿಂದಿಯಲ್ಲಿ ಹೇಳಿದ. ಮಿಹಿರ್ ನೆಲ ನೋಡುತ್ತ ತಲೆಯಾಡಿಸಿದ. ಕಾಕಾ ಹಡಗನ್ನು ಅಣ್ಣನ ಎದೆಯ ಮೇಲೆ, ಕೂಡಿಸಿದ ಕೈಗಳ ಕೆಳಗೆ ಇಟ್ಟರು.

ಶ್ರಾವ್ಯಾ ಟವೆಲ್ಲನ್ನು ಮತ್ತೆ ಬಕೆಟ್ಟಿಗೆ ಹಿಂಡಿದಳು.

* * *

ಕಳೆದ ದುರ್ಗಾಪೂಜೆಯ ಸಮಯ. ಬೀದಿಯಲ್ಲಿ ಪೂಜೆಯ ಡೋಲು, ಢಾಕ್, ಬಡಿಯುತ್ತಿತ್ತು. ಊಟವಾಗಿ ಅವ್ವ ಒಳಗೆ ಮಲಗಿದ್ದಳು. ಅಪ್ಪ ಕಿಟಕಿಯ ಹತ್ತಿರ ಕುಳಿತು ಒಂದು ಆರು ಬರೆಯಲು ಹೋದರು. ಅದು ಬಾಲ ಬಿಟ್ಟುಕೊಂಡು ಕೆಂಪಿನೊಳಗೆ ಇಳಿಯಿತು. ಒರೆಸಿದರು, ಮತ್ತೆ ಬರೆದರು. ಮತ್ತೆ ಇಳಿಯಿತು. ಮೂರನೆಯ ಸಲ ಬ್ರಷ್ ಕೆಳಗಿಟ್ಟು, ತಮ್ಮ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

“ಶ್ರಾವಿ, ಬಾ ಇಲ್ಲೆ. ನೀ ಬರಿ.”

ಅಲ್ಲಿಯವರೆಗೆ ಅವಳು ಬ್ರಷ್ ತೊಳೆದುಕೊಟ್ಟವಳು ಅಷ್ಟೆ.

“ಉಸಿರು ತುಂಬಿದಾಗ ಕೈ ತೇಲ್ತದ. ಪೂರಾ ಬಿಟ್ಟ ಮ್ಯಾಲೆ, ಮುಂದಿನದು ತಗೊಳ್ಳೂಕಿಂತ ಮೊದಲ, ಒಂದೀಟು ಸುಮ್ಮ ಇರ್ತದ ನೋಡು. ಆ ಹೊತ್ತಿನಾಗ ಬರೀಬೇಕು.”

ಅವಳು ಬರೆದಳು. ಆರು ಆರಾಗಿ ನಿಂತಿತು.

“ಅವ್ವಗ ಹೇಳಬ್ಯಾಡ,” ಎಂದರು ಅಪ್ಪ. “ಧಾರವಾಡದಾಗ ಅವರಪ್ಪನ ಅಂಗಡಿ ಬೋರ್ಡ್ ಬರದಿದ್ದೆ. ನನ್ನ ಮಾರಿ ನೋಡೂಕಿಂತ ಮೊದಲ ಆ ಅಕ್ಷರಾ ನೋಡಿ ಲಗ್ನಕ್ಕ ಹೂಂ ಅಂದಾಕಿ ಆಕಿ.”

ಆ ದೊಡ್ಡ ಹಡಗಿಗೆ ಏಳು ತಿಂಗಳು ಹಿಡಿಯಿತು. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಕೊಯ್ಯುವುದು, ಉಜ್ಜುವುದು, ಕೂಡಿಸುವುದು ಎಲ್ಲವೂ ಅವಳದೇ. ಅಪ್ಪ ಪಕ್ಕದಲ್ಲಿ ಕುಳಿತು, ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು, ಅವಳೊಂದಿಗೆ ಉಸಿರಾಡುತ್ತಿದ್ದರು. ಆ ಎರಡು ಗಂಟೆ ಅವಳಿಗೆ ತನಗೊಂದು ಬಾಯಿ ಇದೆ ಎನ್ನುವುದೇ ಮರೆತುಹೋಗುತ್ತಿತ್ತು. ಮುಗಿದ ದಿನ ಅವರು ಭೂತಗನ್ನಡಿ ಹಿಡಿದು ಮೂತಿಯಿಂದ ಬಾಲದವರೆಗೆ ನಿಧಾನಕ್ಕೆ ನೋಡಿದರು. ನೋಡಿ, ಮತ್ತೆ ಮೂತಿಯಿಂದ ಶುರುಮಾಡಿದರು.

“ಎಷ್ಟು ದೊಡ್ಡದಾತಲ್ಲ,” ಎಂದರು ಕೊನೆಗೆ. ದನಿ ಬಹಳ ಸಣ್ಣದಾಗಿತ್ತು.

ರೋಹಿತ್ ಅದನ್ನು ಒಯ್ಯಲು ಬಂದಾಗ “ಅಂಕಲ್, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು,” ಎಂದ. ಅಪ್ಪ ಅವಳ ಕಡೆ ತಿರುಗಿ ನೋಡಿದರು. ಹೇಳಲೇನು ಎಂದು ಕೇಳಿದ ಹಾಗಿತ್ತು ಆ ನೋಟ. ಅವಳು ಬೇಡವೆಂದು ತಲೆಯಾಡಿಸಿ ಅಡುಗೆಮನೆಗೆ ಹೋಗಿ ನಿಂತಿದ್ದಳು. ಆ ರಾತ್ರಿ ಡೈರಿಯಲ್ಲಿ ಕೂಡ ಬರೆದಿರಲಿಲ್ಲ.

* * *

ಹನ್ನೆರಡಕ್ಕೆ ಗಾಡಿ ಬಂತು. ಬ್ಲಾಕಿನ ಗಂಡಸರು ಚಟ್ಟದ ನಾಲ್ಕು ಮೂಲೆಗೆ ಅಗರಬತ್ತಿ ಸಿಕ್ಕಿಸಿದರು. ಬಿಳಿ ರಜನೀಗಂಧದ ಮಾಲೆಗಳು ಒಂದರ ಮೇಲೊಂದು ಬಿದ್ದು ಎದೆ ಮುಚ್ಚಿತು, ಕೈಗಳು ಮುಚ್ಚಿದವು, ಹಡಗು ಕಾಣದಾಯಿತು. ಸುಡುಗಾಡಿಗೆ ಹೆಂಗಸರು ಹೋಗುವ ಪದ್ಧತಿ ಇವರಲ್ಲಿ ಇರಲಿಲ್ಲ. ಈ ಬಾಗಿಲಲ್ಲೇ ಎಲ್ಲ ಮುಗಿಯಬೇಕು. ವಿದ್ಯುತ್ ಚಿತಾಗಾರದಲ್ಲಿ ಮುಕ್ಕಾಲು ಗಂಟೆ ಸಾಕು ಎಂದು ಯಾರೋ ಹೇಳುತ್ತಿದ್ದುದು ಶ್ರಾವ್ಯಾಳಿಗೆ ಕೇಳಿಸಿತು.

ಅವಳು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಅವ್ವನಿಗೆ ಆ ಕೈ ಕೊನೆಯವರೆಗೂ ಹಾಗೇ ಉಳಿಯುತ್ತದೆ, ಅಂಗಡಿಯ ಬೋರ್ಡ್ ಬರೆದ ಕೈ. ಹಡಗು ಹೋಗುತ್ತದೆ. ತಾನು ಮಾಡಿದ್ದು ಎನ್ನುವುದಕ್ಕೆ ಲೋಕದಲ್ಲಿ ಇದ್ದ ಒಬ್ಬರೇ ಸಾಕ್ಷಿ ಅದರ ಕೆಳಗೆ ಮಲಗಿದ್ದಾರೆ. ಅವರೂ ಹಡಗೂ ಒಟ್ಟಿಗೆ ಹೋದರೆ ಆ ಏಳು ತಿಂಗಳು ಆಗಿಯೇ ಇರಲಿಲ್ಲ ಎಂದಾಗುತ್ತದೆ.

“ನಡೀರಿ, ಹೊತ್ತಾತು,” ಎಂದರು ಕಾಕಾ. ರೋಹಿತ್, ಮಿಹಿರ್ ಹಿಂದಿನ ಎರಡು ಮೂಲೆಗೆ ಹೆಗಲು ಕೊಟ್ಟರು. ಚಟ್ಟ ನೆಲ ಬಿಟ್ಟು ಮೇಲೆದ್ದಿತು.

“ಕಾಕಾ.”

ಯಾರಿಗೂ ಕೇಳಲಿಲ್ಲ. ಬಸು ಮಾಶಿ ಜೋರಾಗಿ ಅಳುತ್ತಿದ್ದರು.

“ಕಾಕಾ, ನಿಂದರ್ರಿ.”

ಕಾಕಾ ತಿರುಗಿದರು. ಎಲ್ಲರೂ ತಿರುಗಿದರು. “ಏನವಾ? ಏನರೆ ಇಡೋದದ ಏನು?”

ಇಷ್ಟೊಂದು ಮುಖಗಳು. ಅವಳು ಉಸಿರು ತುಂಬಿಕೊಂಡಳು, ಮಾತು ತೇಲಿಹೋಯಿತು. ಕಾಕಾ ಕೈ ಬೀಸಿ ಮುಂದೆ ನಡೆಯಿರಿ ಎನ್ನುವವರಿದ್ದರು.

ಅವಳು ಅವರ ಕಡೆ ನೋಡುವುದನ್ನು ಬಿಟ್ಟು, ಉಸಿರು ಪೂರಾ ಹೊರಹಾಕಿ, ಅವ್ವನ ಕಡೆ ತಿರುಗಿದಳು.

“ಅಪ್ಪನ ಕೈ ನಡಗ್ತಿತ್ತು, ಅವ್ವಾ. ಆ ಹಡಗ ನಾ ಮಾಡೀನಿ.”

ಮಾಶಿಯ ಅಳು ನಿಂತಿತು. ಹೆಗಲ ಮೇಲೆ ಚಟ್ಟ ಹೊತ್ತವರು ಹಾಗೇ ನಿಂತಿದ್ದರು, ಅಗರಬತ್ತಿಯ ಬೂದಿ ರೋಹಿತನ ತೋಳಿನ ಮೇಲೆ ಉದುರಿತು. ಅವ್ವ ಮಗಳನ್ನು ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ಬಂದು, ಕಾಕಾನಿಗೆ ಕೆಳಗಿಳಿಸಿರೆಂದು ಕೈಸನ್ನೆ ಮಾಡಿ, ಹೂವಿನ ರಾಶಿಯೊಳಗೆ ಮೊಣಕೈಯವರೆಗೆ ಕೈಹಾಕಿ ತಡಕಾಡಿದಳು. ಮೊದಲು ಮೂತಿ ಕಂಡಿತು. ಆಮೇಲೆ ಒಂದೊಂದಾಗಿ ಏರಿದ ಅಂಕಿಗಳು, ಆಮೇಲೆ ದೀಪ ಹತ್ತಿದ ಕಿಟಕಿಗಳ ಸಾಲುಗಳು. ಬಿಳಿ ಹೂಗಳನ್ನು ಎರಡೂ ಮಗ್ಗುಲಿಗೆ ಸರಿಸುತ್ತ ಹಡಗು ನಿಧಾನವಾಗಿ ಹೊರಗೆ ಬಂತು.