ಬೆಣ್ಣೆಕೈಯ ಕೊನೆಯ ಕ್ಷೌರ

"ನಾನು ಗಾಡಿಯಿಂದ ಇಳಿಯಲ್ಲ ಮೇಡಂ. ಹಿಂದಿನ ಬಾಗಿಲು ತೆಗೆದಿದೀನಿ, ನೀವೇ ಹತ್ತಿಸಿ," ಎಂದ ಶವದ ಗಾಡಿಯ ಚಾಲಕ ಕಿಟಕಿಯ ಗಾಜನ್ನು ಏರಿಸಿಯೇ ಬಿಟ್ಟ.

ಟೀಚರ್ ಗಾಜು ತಟ್ಟಿದಳು. ಅವನು ಅವಳ ಐದು ತಿಂಗಳ ಹೊಟ್ಟೆಯನ್ನು ನೋಡಿ, ಗಾಜನ್ನು ಎರಡು ಬೆರಳಿನಷ್ಟು ಇಳಿಸಿದ.

"ನೀವಾದ್ರೂ ದೂರ ಇರಬಾರದಾ? ಮೈಯೊಳಗೆ ಅಣುಬಾಂಬ್ ಇಟ್ಕೊಂಡು ಸತ್ತಿದಾರಂತಲ್ಲ!"

"ಬಾಂಬ್ ಅಲ್ಲಪ್ಪ, ಅದು ಔಷಧಿ."

"ಔಷಧಿ ಆಗಿದ್ರೆ ಬದುಕಬೇಕಿತ್ತಲ್ಲ ಮತ್ತೆ?" ಗಾಜು ಮತ್ತೆ ಮೇಲೇರಿತು.

ಸತ್ತವನು ಅವಳ ಅಪ್ಪ. ಇದೇ ಬೀದಿಯ ಸೆಲೂನಿನವನು. ಕತ್ತಿ ಗಲ್ಲಕ್ಕೆ ತಾಗಿದ್ದೇ ತಿಳಿಯದಷ್ಟು ಹಗುರವಾದ ಕೈ ಎಂದು ಎಲ್ಲರೂ ಅವನನ್ನು ಬೆಣ್ಣೆಕೈ ಎಂದೇ ಕರೆಯುತ್ತಿದ್ದರು. ಗಂಟಲಿನ ಥೈರಾಯ್ಡ್ ಗ್ರಂಥಿಗೆ ಕ್ಯಾನ್ಸರ್ ಬಂತು, ಆಪರೇಷನ್ ಆಯಿತು. ಉಳಿದ ಬೇರನ್ನೂ ಸುಡಲು ಆಸ್ಪತ್ರೆಯವರು ವಿಕಿರಣ ಸೂಸುವ ಅಯೋಡಿನ್ ಕುಡಿಸಿ, ಕೆಲವು ದಿನ ಒಳಗಿಟ್ಟುಕೊಂಡು ಮನೆಗೆ ಕಳಿಸಿದ್ದರು. ವಾರ ತುಂಬಿರಲಿಲ್ಲ, ಇವತ್ತು ಬೆಳಗ್ಗೆ ಎದೆ ಹಿಡಿದುಕೊಂಡು ಹೋಗಿಯೇಬಿಟ್ಟ. ಎಲ್ಲರೂ ಗಂಟಲಿಗೆ ಹೆದರಿಕೊಂಡು ಕೂತಿದ್ದಾಗ ಹೃದಯ ಕೈಕೊಟ್ಟಿತ್ತು.

ಅಂಗಳದಲ್ಲಿ ಜನ ಇದ್ದರು. ಇದ್ದರು ಅಷ್ಟೇ, ಕಾಂಪೌಂಡ್ ಗೋಡೆಗೆ ಬೆನ್ನು ಅಂಟಿಸಿಕೊಂಡು. ಸತ್ತವರ ಮನೆಗೆ ಬಂದವರು ಕಣ್ಣೊರೆಸಿಕೊಳ್ಳಬೇಕು. ಇವರು ಕೈ ಒರೆಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಟೈಲರ್ ಮೂಗಿಗೆ ಎರಡು ಕರ್ಚೀಫು ಕಟ್ಟಿಕೊಂಡಿದ್ದ. ಮೂವತ್ತು ವರ್ಷ ಬೆಣ್ಣೆಕೈಗೆ ಗಲ್ಲ ಒಡ್ಡಿದ ಮನುಷ್ಯ, ಪುಣ್ಯಾತ್ಮ!

ಹಿಂದಿನ ಕೋಣೆಯ ಬಾಗಿಲಲ್ಲಿ ಕೂತಿದ್ದ ಅಮ್ಮ ಮಗಳ ಸೆರಗು ಹಿಡಿದಳು.

"ಆ ಗಡ್ಡ ನೋಡೇ. ಬೀದಿಯೋರ ಗಡ್ಡ ಎಲ್ಲ ತೆಗೆದವರು ಹೀಗೆ ಹೋಗಬೇಕಾ? ಯಾರಾದ್ರೂ ಒಬ್ಬರು ಅವರ ಮುಖ ಮುಟ್ಟಲಿ. ನಾನೇ ತೆಗೀತಿದ್ದೆ, ಈ ಹಾಳು ಕೈ ನಿಲ್ತಾ ಇಲ್ಲ."

ಟೀಚರ್ ಬಾಗಿಲಿನಾಚೆಯಿಂದಲೇ ನೋಡಿದಳು. ಬೆಳಗ್ಗೆಯಿಂದ ಅವಳು ಆ ಹೊಸಿಲು ದಾಟಿರಲಿಲ್ಲ. ಪರಮಾಣು ರಚನೆ, ವಿಕಿರಣಶೀಲತೆ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡಿದವಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

* * *

ಔಷಧಿ ಕುಡಿಯಲು ಹೋಗುವ ಹಿಂದಿನ ಸಂಜೆ ಅಪ್ಪ ಸೆಲೂನಿನಲ್ಲಿ ತನ್ನ ಕುರ್ಚಿಯ ಮೇಲೆ ತಾನೇ ಕೂತಿದ್ದ. ಪಕ್ಕದಲ್ಲಿ ಮಾಮ. ಸ್ವಂತ ಮಾಮನೇನಲ್ಲ, ಅಂಗಡಿ ತೆರೆದ ದಿನದಿಂದ ಪಕ್ಕದ ಕುರ್ಚಿಯಲ್ಲಿ ಕತ್ತರಿ ಆಡಿಸಿದವನು. ಬೀದಿಯವರಿಗೆಲ್ಲ ಅವನು 'ಎರಡನೇ ಕುರ್ಚಿ'.

"ನಿನ್ನ ಸ್ಕೂಲಿನ ಮಕ್ಕಳಿಗೆ ಹೇಳೋ ಹಾಗೆ ನನಗೂ ಹೇಳು. ಏನಿರುತ್ತೆ ಅದರೊಳಗೆ?" ಎಂದಿದ್ದ ಅಪ್ಪ.

"ಪರಮಾಣು ಈ ಅಂಗಡಿಯಷ್ಟು ದೊಡ್ಡದು ಅಂದ್ಕೋ ಅಪ್ಪ. ನಡುವೆ ಬೀಜ ಇರುತ್ತೆ, ಕೂದಲಿನ ತುದಿಗಿಂತ ಚಿಕ್ಕದು. ಪ್ರೋಟಾನು, ನ್ಯೂಟ್ರಾನು ಎಲ್ಲ ಅದರಲ್ಲೇ. ಭಾರವೆಲ್ಲ ಅಲ್ಲೇ. ಎಲೆಕ್ಟ್ರಾನ್‌ಗಳು ಹೊರಗಡೆ, ಗೋಡೆ ಹತ್ತಿರ. ಮಿಕ್ಕಿದ್ದೆಲ್ಲ ಖಾಲಿ."

"ನಿನ್ನ ಗಂಡನ ಜೇಬಿನ ಥರ ಅನ್ನು."

ಮಾಮ ಕಿಸಕ್ಕೆಂದ. ಅವಳೂ ನಕ್ಕಳು.

"ಕೆಲವು ಬೀಜಗಳಿಗೆ ನೆಮ್ಮದಿ ಇರಲ್ಲ. ಒಳಗಿನ ಲೆಕ್ಕ ಸರಿಹೋಗಲ್ಲ. ಏನನ್ನೋ ಹೊರಗೆ ಎಸೆದು ತಣ್ಣಗಾಗುತ್ತವೆ. ಆ ಎಸೆದದ್ದೇ ವಿಕಿರಣ. ಕ್ಯಾನ್ಸರನ್ನ ಸುಡೋದು ಅದೇ. ಒಂದಿಷ್ಟು ಕಿರಣ ಮೈದಾಟಿ ಹೊರಗೂ ಬರುತ್ತೆ."

"ಯಾವಾಗ ಎಸೆಯುತ್ತೆ?"

"ಒಂದೊಂದರದ್ದು ಯಾವಾಗ ಅಂತ ಯಾರೂ ಹೇಳೋಕಾಗಲ್ಲ. ಗುಂಪಿನ ಲೆಕ್ಕ ಮಾತ್ರ ಸಿಗುತ್ತೆ. ನಿನಗೆ ಕೊಡೋ ಅಯೋಡಿನ್ ಎಂಟು ದಿನಕ್ಕೆ ಅರ್ಧ ಆಗುತ್ತೆ, ಇನ್ನೆಂಟು ದಿನಕ್ಕೆ ಅದರರ್ಧ. ಬೆವರು, ಮೂತ್ರದಲ್ಲಿ ಅದಕ್ಕಿಂತ ಬೇಗ ಖಾಲಿ ಆಗುತ್ತೆ."

ಅಪ್ಪ ಕನ್ನಡಿಯಲ್ಲಿ ಅವಳ ಹೊಟ್ಟೆಯನ್ನೇ ನೋಡುತ್ತಿದ್ದ. "ಆ ಕಿರಣ ಕೂಸಿಗೆ ತಾಗಿದ್ರೆ?" ಎಂದ. ಅವನ ಮುಖದಲ್ಲಿ ಆಗ ನಗು ಇರಲಿಲ್ಲ.

* * *

ಮಧ್ಯಾಹ್ನ ಆಸ್ಪತ್ರೆಯಿಂದ ವಿಕಿರಣ ಸುರಕ್ಷತೆಯ ಅಧಿಕಾರಿ ಬಂದಳು. ಚಿಕ್ಕ ವಯಸ್ಸಿನ ಹುಡುಗಿ, ಕೈಯಲ್ಲಿ ಅಳತೆಯ ಯಂತ್ರ. ಗೇಟಿನ ಬಳಿ ಗುಂಡಿ ಒತ್ತಿದಳು. ಟಿಕ್... ಟಿಕ್.

"ಅಯ್ಯೋ, ಇಲ್ಲಿಗೂ ಬಂತು!" ಎಂದು ಟೈಲರ್ ನೆಗೆದ.

"ಇದು ಎಲ್ಲ ಕಡೆ ಇರೋದೇ ಸಾರ್. ಮಣ್ಣಲ್ಲಿ, ಕಲ್ಲಲ್ಲಿ, ನಿಮ್ಮಲ್ಲೂ ಇರುತ್ತೆ."

"ನನ್ನಲ್ಲಾ?" ಎಂದು ಅವನು ತನ್ನ ಎದೆಯನ್ನೇ ಮುಟ್ಟಿ ನೋಡಿಕೊಂಡ. ಯಾರಿಗೂ ನಗಲು ಧೈರ್ಯವಾಗಲಿಲ್ಲ.

ಅಧಿಕಾರಿ ಹಿಂದಿನ ಕೋಣೆಗೆ ಹೋದಳು. ಟಿಕ್ ಟಿಕ್ ಸದ್ದು ಒಂದಕ್ಕೊಂದು ಅಂಟಿಕೊಂಡಿತು. ಹಾಸಿಗೆಯ ಬಳಿ ಅದು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಒಂದೇ ಸಮನೆ ಚಟಪಟಗುಟ್ಟಿತು. ಅಂಗಳದಲ್ಲಿ ಇಬ್ಬರು ಕಾಲಿಗೆ ಬುದ್ಧಿ ಹೇಳಿದರು. ಸತ್ತ ಮೇಲೂ ಅಪ್ಪನ ಒಳಗೆ ಏನೋ ನಡೆಯುತ್ತಲೇ ಇದೆ, ಅದಕ್ಕೆ ಅವನು ಸತ್ತದ್ದೇ ಗೊತ್ತಿಲ್ಲ ಎನಿಸಿತು ಟೀಚರಿಗೆ.

ಅಧಿಕಾರಿ ಹೊರಬಂದು ಹೇಳಿದಳು, "ಯಂತ್ರದ ಸದ್ದಿಗೆ ಹೆದರಬೇಡಿ. ಮಣ್ಣು ಮಾಡೋಕೆ ಅಡ್ಡಿಯಿಲ್ಲ. ಸ್ನಾನ ಬೇಡ. ಎತ್ತೋರು ಗ್ಲೌಸ್ ಹಾಕ್ಕೊಳ್ಳಿ, ತುಂಬ ಹೊತ್ತು ಹತ್ತಿರ ನಿಲ್ಲಬೇಡಿ. ಮುಖಕ್ಷೌರ ಮಾಡೋದಾದ್ರೆ ಹತ್ತು ನಿಮಿಷ. ಗಾಯ ಆಗಬಾರದು." ಆಮೇಲೆ ಟೀಚರಳ ಕಡೆ ತಿರುಗಿದಳು. "ನೀವು ಮಾತ್ರ ಮುಟ್ಟಬೇಡಿ."

ಆ ಮಾತು ಕೇಳಿದ ಕೂಡಲೇ ಟೀಚರಿಗೆ ಬದುಕಿಕೊಂಡೆ ಎನಿಸಿತು. ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು.

* * *

ಅಪ್ಪ ಆಸ್ಪತ್ರೆಯಿಂದ ಬಂದ ದಿನ ಟೀಚರ್ ಅವನಿಗೆ ಹೇಳಿದ್ದು ಇಷ್ಟೇ: ಕೆಲವು ದಿನ ಎಲ್ಲರಿಂದ ಎರಡು ಮಾರು ದೂರ ಇರು, ಬೇರೆ ತಟ್ಟೆ, ಬೇರೆ ಟವೆಲು. ಅಪ್ಪ ಅದನ್ನು ಹತ್ತು ಪಟ್ಟು ಮಾಡಿಕೊಂಡ. ಹಿಂದಿನ ಕೋಣೆ ಸೇರಿ ಚಿಲಕ ಹಾಕಿಕೊಂಡ. ಬ್ಲೇಡು ತೊಳೆದ ನೀರು ಯಾರ ಕಾಲಿಗೆ ತಾಗುತ್ತದೋ ಎಂದು ಗಡ್ಡವನ್ನೂ ಬಿಟ್ಟ. ಒಂದು ದಿನವೂ ಮುಖಕ್ಷೌರ ತಪ್ಪಿಸಿದವನಲ್ಲ.

"ಅಲ್ಲೇ ನಿಲ್ಲು ಮಗಳೇ. ಹತ್ತಿರ ಬರಬೇಡ," ಎನ್ನುತ್ತಿದ್ದ ಕಿಟಕಿಯಿಂದ.

ಅಷ್ಟೆಲ್ಲ ಬೇಕಾಗಿಲ್ಲ ಅಪ್ಪ, ಚಿಲಕ ತೆಗಿ, ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೊರಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಚಿಲಕ ಹಾಕಿದ್ದರಿಂದ ಅವಳಿಗೆ ಹಾಯೆನಿಸಿತ್ತು. ಇವತ್ತು ಬೆಳಗ್ಗೆ ಆ ಚಿಲಕ ಒಡೆಯಬೇಕಾಯಿತು. ಅವನು ಕೂಗಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

* * *

"ಗಡ್ಡ ತೆಗೆಯೋಕೆ ನನ್ನ ಕೈಲಾಗಲ್ಲ ಮಗಳೇ. ನಿಮ್ಮಪ್ಪನ ಮೇಲಿನ ಪ್ರೀತಿ ಬೇರೆ, ಇದು ಬೇರೆ. ಮೊಮ್ಮಗ ರಾತ್ರಿ ನನ್ನ ಪಕ್ಕದಲ್ಲೇ ಮಲಗ್ತಾನೆ," ಎಂದ ಮಾಮ.

"ಇದು ಅಂಟುರೋಗ ಅಲ್ಲ ಮಾಮ. ಹತ್ತು ನಿಮಿಷ ನಿಂತರೆ ಒಂದು ಎದೆಯ ಎಕ್ಸ್-ರೇ ತೆಗೆಸಿದಷ್ಟು. ಅಪ್ಪನ ಬೆವರು ನಿನ್ನ ಕೈಗೆ ಮೆತ್ತಬಾರದು ಅಂತ ಗ್ಲೌಸ್. ಕಿರಣ ತಾಗಿದ್ರೆ ನೀನೇನೂ ಕಿರಣ ಬಿಡೋನಾಗಲ್ಲ. ದೀಪದ ಬೆಳಕು ಬಿದ್ದ ಗೋಡೆ ದೀಪ ಆಗುತ್ತಾ?"

"ಅಷ್ಟು ಗೊತ್ತಿದ್ರೆ ನೀನ್ಯಾಕೆ ಬೆಳಗ್ಗೆಯಿಂದ ಆ ಹೊಸಿಲನ್ನೂ ಮೆಟ್ಟಿಲ್ಲ?"

ಅವನು ಚುಚ್ಚಲೆಂದು ಕೇಳಿದ್ದಲ್ಲ. ಹೆದರಿದವನು ಹೆದರಿದ ಇನ್ನೊಬ್ಬಳನ್ನು ಕೇಳಿದ್ದು.

"ನೀನು ಹೊಸಿಲಲ್ಲಿ ನಿಂತ್ಕೋ. ನಾನು ಒಳಗೆ ಹೋಗ್ತೀನಿ," ಎಂದ ಮಾಮ.

ಅವಳು ಅಧಿಕಾರಿಯ ಮುಖ ನೋಡಿದಳು. "ಹೊಸಿಲವರೆಗೆ ಏನೂ ತೊಂದರೆಯಿಲ್ಲ," ಎಂದಳು ಅಧಿಕಾರಿ. ದೂರ ಎರಡರಷ್ಟಾದರೆ ಕಿರಣ ನಾಲ್ಕರಲ್ಲೊಂದು ಪಾಲಾಗುತ್ತದೆ. ಇದನ್ನು ಟೀಚರ್ ನಿದ್ದೆಗಣ್ಣಲ್ಲೂ ಹೇಳಬಲ್ಲಳು. ತಲೆ ಒಪ್ಪಿತು, ಕಾಲು ಒಪ್ಪಲಿಲ್ಲ. ಹೊಟ್ಟೆಯೊಳಗೆ ಕೂಸು ಮಿಸುಕಿದಂತಾಯಿತು. ಅಮ್ಮ ಎದ್ದು ಜಾಗ ಬಿಟ್ಟಳು.

ಟೀಚರ್ ಹೋಗಿ ಹೊಸಿಲಲ್ಲಿ ನಿಂತಳು, ಎರಡೂ ಕೈ ಹೊಟ್ಟೆಗೆ ಅಡ್ಡ ಹಿಡಿದು. ಗಾಮಾ ಕಿರಣಕ್ಕೆ ಅಂಗೈ ಅಡ್ಡವಾಗದು ಎಂದು ಪಾಠ ಮಾಡಿದವಳೂ ಅವಳೇ. ಆದರೂ ಕೈ ತೆಗೆಯಲಿಲ್ಲ.

ಮಾಮ ಗ್ಲೌಸ್ ತೊಟ್ಟು ಒಳಗೆ ಹೋದ. ಸಾಬೂನಿನ ನೊರೆ ಹಚ್ಚುವಾಗ ಅವನ ಕೈ ನಡುಗಿತು. ಆಮೇಲೆ ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆದುಕೊಂಡಿತು. "ತಲೆ ಒಂಚೂರು ಈ ಕಡೆ... ಹಾಂ, ಹಾಗೆ. ಏನೋ ಇದು, ಈ ಪಾಟಿ ಬೆಳೆಸಿದೀಯ? ಗಿರಾಕಿಗಳು ನೋಡಿದ್ರೆ ಏನಂತಾರೆ?" ಕೈಯ ನಡುಕ ನಿಂತಿತು. ಬ್ಲೇಡು ಕೆನ್ನೆಯ ಮೇಲೆ ಸರಾಗವಾಗಿ ಇಳಿಯಿತು. ನೊರೆಯ ಅಡಿಯಿಂದ ಅಪ್ಪನ ಮುಖ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು. ಟೀಚರ್ ಆಗ ಅತ್ತಳು, ಗೊಳೋ ಎಂದು, ಬೆಳಗ್ಗೆಯಿಂದ ಮೊದಲ ಸಲ.

"ಸಮಯ ಆಯ್ತು," ಎಂದಳು ಅಧಿಕಾರಿ.

ಮಾಮ ಗ್ಲೌಸ್ ಕಳಚಿ ಅವಳು ಒಡ್ಡಿದ ಚೀಲಕ್ಕೆ ಹಾಕಿ, ಕೈ ತೊಳೆದು, ಅಂಗಳಕ್ಕೆ ಬಂದ. ಯಂತ್ರ ಅವನ ಅಂಗೈಗಳ ಮೇಲೆ ಹಾದು ಸುಮ್ಮನೆ ಟಿಕ್... ಟಿಕ್ ಎಂದಿತು. "ಏನೂ ಇಲ್ಲ," ಎಂದಳು ಅವಳು ಎಲ್ಲರಿಗೂ ಕೇಳುವಂತೆ.

ಕೇಳಿಸಿಕೊಂಡವರು ಯಾರು! ಹಾವು ಕಂಡವರಂತೆ ಜನ ಇನ್ನೂ ಹಿಂದಕ್ಕೆ ಸರಿದರು. ಟೈಲರ್ ಗೇಟಿನಾಚೆಗೇ ಹೋದ. ಅಂಗಳದ ನಡುವೆ ಮಾಮನೊಬ್ಬನೇ ಉಳಿದ, ತೊಳೆದ ಕೈಗಳನ್ನು ಮೈಗೆ ತಾಗದಂತೆ ಹಿಡಿದುಕೊಂಡು. ಅವುಗಳನ್ನು ಎಲ್ಲಿಡಬೇಕೋ ಅವನಿಗೇ ತಿಳಿಯಲಿಲ್ಲ.

ಟೀಚರ್ ಅವನತ್ತ ನಡೆದಳು.

"ಬೇಡ ಮಗಳೇ, ಹತ್ತಿರ ಬರಬೇಡ," ಎಂದು ಅವನು ಹಿಂದಕ್ಕೆ ಹೆಜ್ಜೆ ಇಟ್ಟ. ಅವಳು ನಿಲ್ಲಲಿಲ್ಲ. ಅವನು ಸರಿದಂತೆಲ್ಲ ಅವಳು ಮುಂದೆ ಬಂದಳು. ಕೊನೆಗೆ ಗೋಡೆ ಅವನ ಬೆನ್ನಿಗೆ ತಾಗಿತು. ಅವಳು ಹೊಟ್ಟೆಯ ಮೇಲಿನ ಕೈಗಳನ್ನು ತೆಗೆದು, ಅವನ ಬಲಗೈಯನ್ನು ಹಿಡಿದೆಳೆದು, ಎಲ್ಲರೂ ನೋಡುತ್ತಿರುವಂತೆಯೇ ತನ್ನ ಕೆನ್ನೆಗೆ ಒತ್ತಿಕೊಂಡಳು. ಆ ಅಂಗೈ ಇನ್ನೂ ಒದ್ದೆಯಾಗಿತ್ತು.