ಹಸಿರು ಶಾಯಿಯ ಚೀಟಿ

ಆ ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಬಸ್ಸಿನವಳಲ್ಲ, ಸಿನಿಮಾ ಮಂದಿರದವಳೂ ಅಲ್ಲ. ಅಧ್ಯಾಪಕರ ಕಂಪ್ಯೂಟರು, ಇಮೇಲು, ಪಾಠದ ಕೋಣೆಯ ಪ್ರೊಜೆಕ್ಟರು ಇವನ್ನೆಲ್ಲ ನೋಡಿಕೊಳ್ಳುವ ತಂತ್ರಜ್ಞಾನ ಸೇವಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಹೆಂಗಸು. ಯಾವ ಮೇಷ್ಟ್ರು ಫೋನು ಮಾಡಿ ಗೋಳು ಹೇಳಿಕೊಂಡರೂ ಅವಳ ಮೊದಲ ಪ್ರಶ್ನೆ ಒಂದೇ: ಟಿಕೆಟ್ ಹಾಕಿದೀರಾ? ಟಿಕೆಟ್ ಅಂದರೆ ಕಂಪ್ಯೂಟರಿನಲ್ಲೇ ತುಂಬಿ ಕಳಿಸಬೇಕಾದ ದೂರಿನ ಅರ್ಜಿ. ಕಂಪ್ಯೂಟರೇ ಕೆಟ್ಟು ಕೂತಿರುವಾಗ ಅದರಲ್ಲೇ ದೂರು ತುಂಬುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಅದು ಕಚೇರಿ ಹೇಗಾದೀತು, ಹೇಳಿ.

ಆ ವರ್ಷ ಹಳೆಯ ಇಮೇಲ್ ವ್ಯವಸ್ಥೆಯನ್ನು ತೆಗೆದು ಹೊಸದನ್ನು ತರುವುದೆಂದು ತೀರ್ಮಾನವಾಯಿತು. ಒಂದು ಶುಕ್ರವಾರ ಸಂಜೆ ಐದು ಗಂಟೆಗೆ ಹಳೆಯ ಯಂತ್ರದ ಪತ್ರಗಳೆಲ್ಲ ಹೊಸದಕ್ಕೆ ಸಾಗುತ್ತವೆ, ಆಮೇಲೆ ಹಳೆಯದನ್ನು ಒರೆಸಿ ಹಾಕುತ್ತಾರೆ. ವಿಭಾಗದ ನಿರ್ದೇಶಕರು ಇದರ ಬಗ್ಗೆ ಹದಿನಾಲ್ಕು ಪುಟದ ಸುತ್ತೋಲೆ ಹೊರಡಿಸಿ ಕೈತೊಳೆದುಕೊಂಡರು. ಮೇಷ್ಟ್ರುಗಳು ಲೋಕದ ಪುಸ್ತಕಗಳನ್ನೆಲ್ಲ ಓದಿಯಾರು, ಸುತ್ತೋಲೆಯೊಂದನ್ನು ಮಾತ್ರ ಓದರು. ಇದು ನಿರ್ದೇಶಕರಿಗೂ ಗೊತ್ತಿತ್ತು. ಆದರೆ ನಾಳೆ ಏನಾದರೂ ಆದರೆ ಸುತ್ತೋಲೆಯಲ್ಲಿ ಹೇಳಿದ್ದೆವಲ್ಲ ಎನ್ನಬಹುದು, ಅಷ್ಟಕ್ಕೆ ಅದು ಸಾಕಾಗಿತ್ತು.

ಟಿಕೆಟ್ ಅಕ್ಕನಿಗೆ ಸಾಕಾಗಲಿಲ್ಲ. ಒಬ್ಬೊಬ್ಬರ ಕೋಣೆಗೂ ಹೋಗಿ, ಪಕ್ಕದಲ್ಲಿ ಕೂತು, ಅವರ ಪತ್ರಗಳು ಎಲ್ಲೆಲ್ಲಿವೆ ನೋಡಿಕೊಂಡು ಬರುತ್ತೇನೆ ಎಂದು ಹಟ ಹಿಡಿದಳು. ನೂರ ಎಂಬತ್ತಾರು ಕೋಣೆಗಳಮ್ಮ ಎಂದರು ನಿರ್ದೇಶಕರು, ಕನ್ನಡಕವನ್ನು ಹಣೆಗೇರಿಸಿ. ಎಣಿಸಿದ್ದೇನೆ ಎಂದಳು. ಸರಿ, ನಿನ್ನ ಕಾಲು, ನಿನ್ನ ಚಪ್ಪಲಿ ಎಂದು ಅವರು ಸಹಿ ಹಾಕಿದರು. ಮನೆಯಲ್ಲಿ ಗಂಡನೂ ಬಿಡಲಿಲ್ಲ. ಅವನು ದರ್ಜಿ, ಇಡೀ ದಿನ ಕೂತು ದುಡಿಯುವ ಮನುಷ್ಯ. ಒಬ್ಬರಿಗೆ ಕೂತು ಕೂತು ಸೊಂಟ ಹಿಡಿಯಲಿ, ಒಬ್ಬರಿಗೆ ನಡೆದು ನಡೆದು ಮಂಡಿ ಹಿಡಿಯಲಿ, ಅಮ್ಮ ಇಬ್ಬರಿಗೂ ಎಣ್ಣೆ ತಿಕ್ಕಲಿ ಎಂದು ನಗಾಡಿದ.

ಮೂರು ವಾರ ನಡೆದಳು. ಕಣ್ಣಾರೆ ಕಂಡದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಒಬ್ಬ ಮೇಷ್ಟ್ರು ಪರದೆಯನ್ನಷ್ಟೇ ಆರಿಸಿ, ಕಂಪ್ಯೂಟರು ಆರಿತೆಂದು ಆರು ವರ್ಷದಿಂದ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ತತ್ವಶಾಸ್ತ್ರದವರ ಮೌಸು ಎಂಟು ತಿಂಗಳಿಂದ ಸರಿಯಾಗಿ ಓಡುತ್ತಿರಲಿಲ್ಲ. ತಮ್ಮ ಕೈಯೇ ನಡುಗುತ್ತಿದೆಯೆಂದುಕೊಂಡು ಅವರು ವೈದ್ಯರ ಹತ್ತಿರ ಹೋಗಿ ಬಂದಿದ್ದರು. ಅಕ್ಕ ಹೊಸ ಮೌಸು ಹಾಕಿಕೊಟ್ಟಾಗ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಇವರಿಗೆಲ್ಲ ಸೊಕ್ಕು, ಅದಕ್ಕೇ ಟಿಕೆಟ್ ಹಾಕುವುದಿಲ್ಲ ಎಂದು ಅವಳು ಹತ್ತೊಂಬತ್ತು ವರ್ಷ ತಿಳಿದಿದ್ದಳು. ಸೊಕ್ಕಲ್ಲ, ನಾಚಿಕೆ. ದಿನವಿಡೀ ಪಾಠ ಹೇಳುವವರಿಗೆ ನನಗೆ ಗೊತ್ತಿಲ್ಲ ಎನ್ನುವುದು ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಇದನ್ನು ತಿಳಿಯಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಕೊನೆಯ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನೂರ ಎಂಬತ್ತೈದು ಕೋಣೆ ಮುಗಿದಿದ್ದವು. ಉಳಿದದ್ದು ಒಂದೇ, ಸಸ್ಯಶಾಸ್ತ್ರದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಬೀಜದ ಮೇಡಂ ಕೋಣೆ. ಅಲ್ಲಿಗೆ ಹೋಗಲೇಬೇಕೆಂದಿರಲಿಲ್ಲ. ಸುತ್ತೋಲೆಯ ಜೊತೆಗಿದ್ದ ಫಾರಂ ತುಂಬಿ ಕಳಿಸಿದ್ದ ಏಕೈಕ ಪ್ರಾಣಿ ಅವರು. ಓದಿದ್ದೇನೆ, ಎಲ್ಲ ಸರಿಯಿದೆ, ತಾವು ಬರುವ ತೊಂದರೆ ಬೇಡ, ವಂದನೆಗಳು ಎಂದು ದುಂಡಗೆ ಬರೆದಿದ್ದರು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ಅಕ್ಕನ ಎಡ ಮಂಡಿ ಬೆಳಗಿನಿಂದಲೇ ಮುನಿಸಿಕೊಂಡಿತ್ತು.

ಆದರೆ ಅವಳ ಅತ್ತೆಯದೊಂದು ಮಾತಿತ್ತು: ಉಪಕಾರ ಮಾಡಿದವರ ಬಾಗಿಲಿಗೆ ಹೋಗಿ ಹೇಳಬೇಕು, ದಾರಿಯಲ್ಲಿ ಸಿಕ್ಕಾಗ ಹೇಳಿದರೆ ಅದು ಬರೀ ಕುಶಲ ವಿಚಾರಿಸಿದಂತೆ. ನೂರ ಎಂಬತ್ತಾರರಲ್ಲಿ ಒಬ್ಬರಾದರೂ ನಮ್ಮ ಕಾಗದಕ್ಕೆ ಉತ್ತರ ಕೊಟ್ಟರಲ್ಲ, ಒಂದು ಥ್ಯಾಂಕ್ಸ್ ಹೇಳಿ ಬಂದುಬಿಡೋಣ ಎಂದು ಅಕ್ಕ ಮೆಟ್ಟಿಲು ಹತ್ತಿದಳು. ಅಷ್ಟೇ ಕಾರಣ, ಬೇರೇನೂ ಇಲ್ಲ.

ಕೋಣೆಯ ಮೂರು ಗೋಡೆಗಳಿಗೂ ಕಪಾಟುಗಳು, ಕಪಾಟಿನ ತುಂಬ ಮೇಣ ಮೆತ್ತಿದ ಗಾಜಿನ ಬಾಟಲಿಗಳು, ಬಾಟಲಿಗಳಲ್ಲಿ ಬೀಜ. ಮೇಡಂ ಸಣ್ಣ ಆಳು, ಬಿಳಿ ಕೂದಲು, ಕೈಯಲ್ಲಿ ಚಿಮುಟ. ಥ್ಯಾಂಕ್ಸ್ ಹೇಳಲೆಂದೇ ನಾಲ್ಕು ಮಹಡಿ ಹತ್ತಿ ಬಂದಳೆಂದು ತಿಳಿದು ಅವರಿಗೆ ಎಲ್ಲಿಲ್ಲದ ಸಂತೋಷವಾಯಿತು. ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು, ಕೇಳದೆಯೇ ಬಾಟಲಿಗಳ ಕಥೆ ಹೇಳಿದರು. ಅವರ ಗುರುಗಳು ಆ ಬೀಜಗಳನ್ನು ಮುಚ್ಚಿಟ್ಟು ಹೋಗಿದ್ದರು. ವರ್ಷಕ್ಕೆ ಕೆಲವು ಬಾಟಲಿ ಒಡೆದು, ಹಳೆಯ ವಿದ್ಯಾರ್ಥಿಗಳಿಗೆ ಹಂಚಿ, ಅವರವರ ಊರಿನ ಮಣ್ಣಿನಲ್ಲಿ ಬಿತ್ತಿಸುವುದು. ಇವತ್ತು ಎಷ್ಟು ಮೊಳೆತವೆಂದು ಆ ವಿದ್ಯಾರ್ಥಿಗಳು ದಿನಾ ಮೇಡಂಗೆ ಒಂದೊಂದು ಇಮೇಲ್ ಬರೆಯುತ್ತಾರೆ. ಬೀಜವೊಂದು ಎಷ್ಟು ವರ್ಷ ಜೀವ ಹಿಡಿದಿಟ್ಟುಕೊಳ್ಳುತ್ತದೆಂಬುದು ಆ ಪತ್ರಗಳಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಮೂರು ತಿಂಗಳಲ್ಲಿ ಮೇಡಂಗೆ ನಿವೃತ್ತಿ, ಅಷ್ಟರೊಳಗೆ ಅದನ್ನೆಲ್ಲ ಪುಸ್ತಕ ಮಾಡಬೇಕು.

ಇಷ್ಟು ವರ್ಷದಲ್ಲಿ ನಿಮ್ಮಿಂದ ಒಂದೂ ಟಿಕೆಟ್ ಬಂದಿಲ್ಲವಲ್ಲ ಎಂದು ಅಕ್ಕ ಕೇಳಿದಳು.

"ಬೇಕಾಗ್ಲೇ ಇಲ್ಲಮ್ಮ. ನಿಮ್ಮ ಆಫೀಸಿನ ಹುಡುಗಿಯೊಬ್ಬಳು ಯಾವತ್ತೋ ಒಂದು ಉಪಕಾರ ಮಾಡಿ ಹೋದ್ಲು. ಅವಳ ಮುಖಾನೂ ನಾನು ನೋಡಿಲ್ಲ. ಇವತ್ತಿಗೂ ದಿನಾ ನೆನೆಸ್ಕೋತೀನಿ" ಎಂದು ಮೇಡಂ ಪರದೆಯ ಅಂಚಿಗೆ ಬೆರಳು ತೋರಿಸಿದರು.

ಅಲ್ಲೊಂದು ಚೀಟಿ ಅಂಟಿಸಿತ್ತು. ಕಾಗದ ಹಳದಿಯಾಗಿತ್ತು, ಮೇಲಿನ ಅಂಟುಪಟ್ಟಿಯನ್ನು ಎಷ್ಟೋ ಸಲ ಬದಲಾಯಿಸಿದ್ದರು. ಹಸಿರು ಶಾಯಿಯಲ್ಲಿ ಹೀಗೆ ಬರೆದಿತ್ತು: 'ಪೆಟ್ಟಿಗೆ ತುಂಬಿದ್ದರೆ ಪತ್ರಗಳನ್ನು ಕಸದ ಬುಟ್ಟಿಗೆ ಹಾಕಿ. ಅಲ್ಲಿರುವುದು ಲೆಕ್ಕಕ್ಕೆ ಬರುವುದಿಲ್ಲ. ಯಾರೂ ಮುಟ್ಟುವುದೂ ಇಲ್ಲ.'

ಅಕ್ಕ ಹತ್ತಿರ ಬಾಗಿ ನೋಡಿದಳು. ಅದು ಅವಳದೇ ಅಕ್ಷರ. ಕೆಲಸಕ್ಕೆ ಸೇರಿದ ಮೊದಲ ವಾರ, ಗಂಡ ಕೊಡಿಸಿದ್ದ ಹಸಿರು ಪೆನ್ನು. ಯಾರದೋ ಇಮೇಲ್ ಪೆಟ್ಟಿಗೆ ತುಂಬಿ ಹೊಸ ಪತ್ರ ಬರುತ್ತಿಲ್ಲವೆಂದು ಕಳಿಸಿದ್ದರು, ಕೋಣೆಯಲ್ಲಿ ಯಾರೂ ಇರಲಿಲ್ಲ, ಒಂದೆರಡು ದಿನದ ಮಟ್ಟಿಗೆ ಆದೀತೆಂದು ಬರೆದಿಟ್ಟು ಬಂದು, ಆಮೇಲೆ ಮರೆತೇಬಿಟ್ಟಿದ್ದಳು. ಒಂದೆರಡು ದಿನಕ್ಕೆ ಎಂಬ ಮಾತೊಂದನ್ನು ಮಾತ್ರ ಬರೆದಿರಲಿಲ್ಲ.

"ಮೇಡಂ, ಪತ್ರಗಳೆಲ್ಲ ಈಗ ಎಲ್ಲಿವೆ?"

"ಕಸದ ಬುಟ್ಟೀಲಿ. ಹತ್ತೊಂಬತ್ತು ವರ್ಷದ್ದೂ."

ಸುತ್ತೋಲೆಯ ಹನ್ನೊಂದನೇ ಪುಟದಲ್ಲಿ ಸ್ಪಷ್ಟವಾಗಿತ್ತು: ಇಮೇಲಿನ ಕಸದ ಬುಟ್ಟಿಯಲ್ಲಿರುವುದು ಹೊಸ ವ್ಯವಸ್ಥೆಗೆ ಹೋಗುವುದಿಲ್ಲ. ಓದಿದ್ದೇನೆ ಎಂದು ಬರೆದಿದ್ದೀರಲ್ಲ ಎಂದು ಅಕ್ಕ ಕೇಳಿದಳು. ಮೊದಲನೇ ಪುಟ ಓದಿದ್ದೆ ಎಂದರು ಮೇಡಂ, ತರಗತಿಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ. ಗಡಿಯಾರದಲ್ಲಿ ಎರಡೂ ಕಾಲು. ಐದಕ್ಕೆ ಎಲ್ಲ ಮುಗಿಯುತ್ತದೆ.

ಸಾವಧಾನವಾಗಿ ವಿಷಯ ಹೇಳಿ, ಅಕ್ಕ ಕೀಲಿಮಣೆ ತನ್ನ ಕಡೆಗೆ ಎಳೆದುಕೊಂಡಳು. ಬುಟ್ಟಿಯಲ್ಲಿ ನಲವತ್ತೊಂದು ಸಾವಿರದ ಚಿಲ್ಲರೆ ಪತ್ರಗಳು. ಬೀಜ ಎಂಬ ಹೊಸ ಕಡತವೊಂದನ್ನು ತೆರೆದು ಎಲ್ಲವನ್ನೂ ಅದಕ್ಕೆ ಎಳೆದು ಹಾಕಲು ಹೋದಳು. ಮುನ್ನೂರು ಹೋದವು, ಯಂತ್ರ ನಿಂತಿತು. ಪೆಟ್ಟಿಗೆ ತುಂಬಿದೆ, ಜಾಗವಿಲ್ಲ ಎಂದಿತು. ಹತ್ತೊಂಬತ್ತು ವರ್ಷದ ಹಿಂದಿನ ಅದೇ ರೋಗ. ಪೆಟ್ಟಿಗೆಯ ಮಿತಿಯನ್ನು ಏರಿಸುವ ಅಧಿಕಾರ ನಿರ್ದೇಶಕರೊಬ್ಬರಿಗೇ ಇತ್ತು. ಫೋನು ಮಾಡಿದಳು. ಅವರು ಸಭೆಯಲ್ಲಿದ್ದರು, ಪಿಸುದನಿಯಲ್ಲಿ ಎತ್ತಿದರು. ಅಕ್ಕ ಒಂದೇ ಉಸಿರಿಗೆ ಹೇಳಿದಳು.

"ಟಿಕೆಟ್ ಹಾಕಿದೀಯಾ?" ಎಂದರು ಅವರು. ಟಿಕೆಟ್ ಇಲ್ಲದೆ ಮಿತಿ ಏರಿಸಿದರೆ ಯಂತ್ರವೇ ಒಪ್ಪುವುದಿಲ್ಲ, ಅದೂ ನಿಜವೇ.

ತಾನು ನೂರಾರು ಜನಕ್ಕೆ ಎಸೆದ ಚೆಂಡು ತಿರುಗಿ ಬಂದು ತನ್ನ ಮೂಗಿಗೇ ತಾಗಿತ್ತು. ಅಕ್ಕ ಮೇಡಂ ಕಂಪ್ಯೂಟರಿನಲ್ಲೇ ಅರ್ಜಿ ತೆರೆದು ಬಡಬಡನೆ ತುಂಬಿದಳು. ಕೋಣೆ, ವಿಭಾಗ, ತೊಂದರೆ. ಕೊನೆಗೆ ಕಾರಣ ಎಂಬ ಖಾನೆ ಬಂತು. ಅದರಲ್ಲಿ ಮೂರೇ ಆಯ್ಕೆ: ಬಳಕೆದಾರರ ತಪ್ಪು, ಯಂತ್ರದ ದೋಷ, ಸಿಬ್ಬಂದಿಯ ತಪ್ಪು. ಆ ವಿಭಾಗದಲ್ಲಿ ಎಲ್ಲರ ಕೈಯೂ ಕಣ್ಣುಮುಚ್ಚಿ ಮೊದಲನೆಯದಕ್ಕೇ ಹೋಗುತ್ತಿತ್ತು. ಅವಳ ಬೆರಳೂ ಅಭ್ಯಾಸದಂತೆ ಅಲ್ಲಿಗೇ ಹೋಗಿ ನಿಂತಿತು.

ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಸದ ಬುಟ್ಟಿಯಲ್ಲಿ ಚಿನ್ನ ಇಟ್ಟವರದೇ ತಪ್ಪು ಎಂದು ಊರೆಲ್ಲ ಒಪ್ಪುತ್ತಿತ್ತು. ಚೀಟಿಯಲ್ಲಿ ಹೆಸರಿಲ್ಲ, ಮೇಡಂ ಅವಳನ್ನು ನೋಡಿಲ್ಲ. ಪಕ್ಕದಲ್ಲಿ ಆ ಮುದುಕಿ ಎರಡು ಕೈಗಳನ್ನೂ ಮಡಿಲಲ್ಲಿ ಹಿಸುಕಿಕೊಳ್ಳುತ್ತ, ಪಾಪ ನಿಮಗೆಷ್ಟು ತೊಂದರೆ ಕೊಟ್ಟೆ, ನಾನೇ ಸರಿಯಾಗಿ ಓದಬೇಕಿತ್ತು, ನಂದೇ ತಪ್ಪು ಎನ್ನುತ್ತಿದ್ದರು. ಆ ಮಾತು ಅಕ್ಕನಿಗೆ ತಡೆಯಲಾಗಲಿಲ್ಲ. ಬೆರಳು ಕೆಳಗಿಳಿಸಿ ಮೂರನೆಯದನ್ನು ಒತ್ತಿದಳು. ವಿವರಿಸಿ ಎಂದು ಯಂತ್ರ ಕೇಳಿತು. ಹತ್ತೊಂಬತ್ತು ವರ್ಷಗಳ ಹಿಂದೆ ಅಧ್ಯಾಪಕರಿಗೆ ನಾನು ಬರೆದುಕೊಟ್ಟ ತಪ್ಪು ಸಲಹೆ ಎಂದು ಟೈಪು ಮಾಡಿ ಕಳಿಸಿದಳು.

ಮೇಡಂ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಓದಿದರು. ಚೀಟಿಯನ್ನು ನೋಡಿದರು. ಆಮೇಲೆ ಅಕ್ಕನ ಮುಖವನ್ನು ನೋಡಿದರು.

ಮೂರು ಗಂಟೆ ಹತ್ತು ನಿಮಿಷಕ್ಕೆ ಮಿತಿ ಏರಿತು. ನಿರ್ದೇಶಕರು ಸಭೆಯಿಂದ ಎದ್ದು ಬಂದು ತಾವೇ ಏರಿಸಿದ್ದರು. ಪತ್ರಗಳು ಹೊರಟವು. ಪರದೆಯ ಮೇಲೆ ನೀಲಿ ಗೆರೆಯೊಂದು ಬಸವನ ಹುಳುವಿನಂತೆ ತೆವಳತೊಡಗಿತು. ಮೂರೂವರೆಗೆ ಹತ್ತು ಸಾವಿರ. ನಾಲ್ಕಕ್ಕೆ ಇಪ್ಪತ್ತೆರಡು ಸಾವಿರ. ಇಬ್ಬರು ಹೆಂಗಸರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ನಾಲ್ಕೂ ಇಪ್ಪತ್ತಕ್ಕೆ ಗೆರೆ ನಿಂತೇಬಿಟ್ಟಿತು. ಎರಡು ನಿಮಿಷ ಬಿಟ್ಟು ತಾನಾಗಿಯೇ ಮತ್ತೆ ಹೊರಟಿತು. ನಾಲ್ಕೂ ನಲವತ್ತೆಂಟಕ್ಕೆ ಕೊನೆಯ ಪತ್ರ ಹೊಸ ಕಡತಕ್ಕೆ ಬಂತು, ಬುಟ್ಟಿ ಖಾಲಿಯಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಹಾಗೆ.

ಅಕ್ಕ ಕುರ್ಚಿಯಿಂದ ಎದ್ದು ನಿಂತಳು. ಕೈ ಮುಗಿಯಲೂ ಆಗದೆ, ತಲೆ ಎತ್ತಲೂ ಆಗದೆ, ಕ್ಷಮಿಸಿ ಮೇಡಂ ಎಂದಳು.

"ಕೂತ್ಕೋ" ಎಂದರು ಮೇಡಂ, ಏಕವಚನದಲ್ಲಿ. "ನೀನು ಆ ಚೀಟಿ ಬರೆಯೋಕೆ ಮುಂಚೆ ನಾನೇನು ಮಾಡ್ತಿದ್ದೆ ಗೊತ್ತಾ? ಪೆಟ್ಟಿಗೆ ತುಂಬಿದಾಗೆಲ್ಲ ಹಳೇ ಪತ್ರ ಪೂರ್ತಿ ಅಳಿಸ್ತಿದ್ದೆ. ನಮ್ಮ ಗುರುಗಳು ಕೊನೇ ಮೂರು ವರ್ಷ ಬರೆದಿದ್ದು ಹಾಗೇ ಹೋಯ್ತು, ಒಂದೂ ಉಳಿಲಿಲ್ಲ. ಆವತ್ತು ಕೂತು ಅತ್ತಿದ್ದೆ. ಮಾರನೇ ದಿನ ಬಂದು ನೋಡಿದ್ರೆ ಈ ಚೀಟಿ. ಆಮೇಲೆ ಒಂದೂ ಅಳಿಸ್ಲಿಲ್ಲ ಕಣಮ್ಮ. ನೀನು ಹೇಳಿದ್ದು ತಪ್ಪಿರಬಹುದು, ಆದ್ರೆ ಈ ನಲವತ್ತೊಂದು ಸಾವಿರ ಉಳಿದಿದ್ದೇ ಅದರಿಂದ."

ಅಕ್ಕನಿಗೆ ಅಳು ಬಂತು. ಹತ್ತೊಂಬತ್ತು ವರ್ಷ ಫೋನಿನಲ್ಲಿ ಬೈಸಿಕೊಂಡವಳು, ಟಿಕೆಟ್ ಅಕ್ಕ ಎಂದು ಹಾಸ್ಯ ಮಾಡಿಸಿಕೊಂಡವಳು. ಇಷ್ಟು ದಿನವೂ ಈ ನಾಲ್ಕನೇ ಮಹಡಿಯಲ್ಲಿ ಯಾರೋ ತನ್ನನ್ನು ದಿನಾ ನೆನೆಯುತ್ತಿದ್ದರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎಂಥ ಭಾಗ್ಯ ತನ್ನದು ಎನಿಸಿತು. ಮಂಡಿ ನೋವೂ ಮರೆತುಹೋಗಿತ್ತು.

ಅಷ್ಟರಲ್ಲಿ ಫೋನು. ನಿರ್ದೇಶಕರು. ಗದರಿಸುತ್ತಾರೆಂದು ಅವಳು ಸಿದ್ಧಳಾದಳು. ಅವರು, ಆ ಖಾನೆಯಲ್ಲಿ ಮೂರನೇ ಆಯ್ಕೆ ಒತ್ತಿದವರನ್ನು ನಾನು ನೋಡುತ್ತಿರುವುದು ಇದೇ ಮೊದಲು ಎಂದರು. ಆಮೇಲೆ, ಮುಂದಿನ ತಿಂಗಳಿಂದ ಒಂದೊಂದು ಕಟ್ಟಡಕ್ಕೂ ನಮ್ಮವರೊಬ್ಬರು ವಾರಕ್ಕೊಮ್ಮೆ ಹೋಗಿ ಕೂರಲಿ, ಟಿಕೆಟ್ ಬೇಕಾಗಿಲ್ಲ, ಸಸ್ಯಶಾಸ್ತ್ರಕ್ಕೆ ನೀನೇ ಹೋಗು ಎಂದರು. ಲಿಫ್ಟ್ ಮಾತ್ರ ನನ್ನ ಕೈಲಿಲ್ಲ ಎಂದೂ ಸೇರಿಸಿದರು.

ಅಕ್ಕ ಹೊರಡುವ ಮುಂಚೆ ಆ ಚೀಟಿ ಕೊಡಿ, ಹರಿದು ಹಾಕುತ್ತೇನೆ ಎಂದು ಕೇಳಿದಳು. ಮೇಡಂ ಸುತರಾಂ ಒಪ್ಪಲಿಲ್ಲ. ಮೇಜಿನ ಖಾನೆಯಲ್ಲಿ ಹುಡುಕಿ, ಎಲೆಗಳಿಗೆ ಗುರುತು ಹಾಕುವ ಹಸಿರು ಪೆನ್ನೊಂದನ್ನು ತೆಗೆದು ಅವಳ ಕೈಗಿಟ್ಟರು. ಅದರ ಕೆಳಗೆ ಇನ್ನೊಂದು ಬರೆ ಎಂದರು. ಅಕ್ಕ ಯೋಚಿಸಿ ಯೋಚಿಸಿ ಬರೆದಳು: 'ಪತ್ರಗಳು ಈಗ ಬೀಜ ಎಂಬ ಕಡತದಲ್ಲಿವೆ. ಕಸದ ಬುಟ್ಟಿಗೆ ಏನನ್ನೂ ಹಾಕಬೇಡಿ. ಅನುಮಾನ ಬಂದರೆ ಕರೆಯಿರಿ, ನಾನು ಮೆಟ್ಟಿಲು ಹತ್ತಿ ಬರುತ್ತೇನೆ.'

ಮೇಡಂ ಓದಿ ನೋಡಿ ಚೀಟಿಯನ್ನು ತಿರುಗಿ ಅವಳ ಮುಂದಿಟ್ಟರು.

"ಈ ಸಲ ಹೆಸರು ಹಾಕು" ಎಂದರು. "ಯಾರನ್ನ ನೆನೆಸ್ಕೋಬೇಕು ಅಂತ ನನಗೂ ಗೊತ್ತಿರಲಿ."

ಅವಳು ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದಳು.