ನಾಯಿ ಮುಟ್ಟದ ಜಾಗ

ಹೆರಿಗೆ ವಾರ್ಡಿನಲ್ಲಿ ನಾನು ಆಯಾ. ಹದಿನಾಲ್ಕು ವರ್ಷವಾಯಿತು. ಬಾಗಲಕೋಟೆ, ವಿಜಯಪುರದ ಕಡೆಯಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸರು ಈ ಸರಕಾರಿ ಆಸ್ಪತ್ರೆಗೆ ಬಂದರೆ, ಅವರ ಮಾತನ್ನು ಡಾಕ್ಟರರಿಗೆ ಕೊಂಕಣಿಯಲ್ಲಿ, ಡಾಕ್ಟರರ ಮಾತನ್ನು ಅವರಿಗೆ ನಮ್ಮ ಭಾಷೆಯಲ್ಲಿ ಹೇಳುವುದೂ ನನ್ನ ತಲೆಗೇ ಬಂದಿದೆ. ಯಾವ ಆರ್ಡರಿನಲ್ಲೂ ಬರೆದಿಲ್ಲ. "ಜಯಶ್ರೀನ್ನ ಕರೀರಿ" ಅನ್ನುತ್ತಾರೆ, ಹೋಗುತ್ತೇನೆ.

ನಂದಾ ನಾಲ್ಕನೆಯ ಸಲ ಬಂದಾಗ ಅವಳ ಮುಖ ನನಗೆ ಚೆನ್ನಾಗಿ ಗುರುತಿತ್ತು. ದಾಬೋಲಿಮ್‌ನಲ್ಲಿ ವಿಮಾನ ನಿಲ್ದಾಣದ ಹಿಂದೆ ಏಳುತ್ತಿದ್ದ ಒಂದು ಕಟ್ಟಡದ ಸೈಟಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಗಂಡ ಯಮನೂರ ಮತ್ತು ಅತ್ತೆ ಸತ್ಯವ್ವನ ಜೊತೆ ಇದ್ದಳು. ಮೊದಲನೆಯ ಕೂಸು ಐದು ತಿಂಗಳಿಗೆ ಹೋಯಿತು. ಎರಡನೆಯದು ಏಳಕ್ಕೆ, ಮೂರನೆಯದು ಆರಕ್ಕೆ. ಮೂರೂ ಹೊಟ್ಟೆಯೊಳಗೇ ಸತ್ತು ಹೊರಬಂದವು. ಈಗ ಮತ್ತೆ ಏಳನೆಯ ತಿಂಗಳು. ಕೂಸು ಬೆಳೆಯುತ್ತಿಲ್ಲ ಎಂದು ಸ್ಕ್ಯಾನಿಂಗಿನಲ್ಲಿ ಕಂಡು ಭರ್ತಿ ಮಾಡಿಕೊಂಡಿದ್ದರು.

ಆ ವರ್ಷ ನಮ್ಮಲ್ಲಿಗೆ ಡಾಕ್ಟರ್ ಕುಂಕಳಿಕರ್ ಎಂಬ ಹೆಣ್ಣುಮಗಳು ಬಂದಿದ್ದರು. ಸಾವಿರಾರು ಬಸುರಿಯರಲ್ಲಿ ಒಬ್ಬಳಿಗೆ ಬರುವ ಒಂದು ರೋಗದ ಬಗ್ಗೆ ಅವರ ಸಂಶೋಧನೆ. ರೋಗ ಇರುವುದು ಕೂಸಿನ ಹಿಂದೆಯೇ ಬೀಳುವ ಮಾಸಿನಲ್ಲಿ. ನಂದಾಳ ಹಳೆಯ ಕಾಗದಗಳನ್ನೆಲ್ಲ ಮಗುಚಿ ಹಾಕಿ ನನ್ನನ್ನು ಕೇಳಿದರು: "ಮೂರು ಸಲದಲ್ಲಿ ಒಂದು ಸಲವೂ ಮಾಸನ್ನು ಪರೀಕ್ಷೆಗೆ ಕಳಿಸಲಿಲ್ಲವೇ? ಮೂರನ್ನೂ ಎಸೆದುಬಿಟ್ಟಿರಾ?"

ಎಸೆದಿದ್ದೆವು. ಹಳದಿ ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಡುತ್ತೇವೆ, ಎಲ್ಲರದ್ದನ್ನೂ ಹಾಗೆಯೇ. ಮೂರನೆಯದನ್ನು ಚೀಲಕ್ಕೆ ಹಾಕಿದ ಕೈ ನನ್ನದೇ.

ಡಾಕ್ಟರರು ಹೇಳಿದ್ದನ್ನು ನಾನು ನಂದಾಳಿಗೆ ತಿಳಿಯುವ ಹಾಗೆ ಹೇಳಿದೆ. "ನೋಡವಾ, ನಮ್ಮ ಮೈಯಾಗ ಕಾವಲು ಕಾಯೂ ಮಂದಿ ಇರ್ತಾರಂತ. ಜಡ್ಡು ಬಂದ್ರ ಹೊಡದು ಓಡಸ್ತಾರ. ನಿನ್ನ ಮೈಯಾಗಿನ ಕಾವಲಿನವರು ಮಾಸದಾಗ ಹೊಕ್ಕೊಂಡು, ಕೂಸಿಗೆ ಅನ್ನ ಹೋಗೂ ದಾರಿ ಕಟ್ಟತಿರಬೇಕು ಅಂತಾರ. ಖರೇ ಅದ ಏನ ಅಂತ ತಿಳೀಬೇಕಂದ್ರ ಹಡದ ಮ್ಯಾಲ ಮಾಸ ಕೊಯ್ದು ನೋಡಬೇಕು. ರಕ್ತದಾಗ ಪಕ್ಕಾ ತಿಳಿಯಂಗಿಲ್ಲ, ಸ್ಕ್ಯಾನಿಂಗದಾಗೂ ಕಾಣಂಗಿಲ್ಲ."

"ಅಂದ್ರ ನಮ್ಮ ಸೈಟಿನ ವಾಚಮನ್ ಇದ್ದಂಗ ಅನ್ರಿ" ಎಂದಳು ನಂದಾ. "ಕಬ್ಬಿಣ ಕದಿಯೋರನ್ನ ಬಿಟ್ಟು ನಮ್ಮನ್ನ ಗೇಟಿನ್ಯಾಗ ಹಿಡೀತಾನ ಮೂಳ."

ನಕ್ಕಳು. ಆಗ ಒಳಗಿನ ಜೀವ ಇನ್ನೂ ಮಿಸುಕುತ್ತಿತ್ತು. ಏಳನೆಯ ಇಯತ್ತೆ ಓದಿದವಳು, ಒಪ್ಪಿಗೆಯ ಕಾಗದಕ್ಕೆ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಇದು ಉಳದ್ರ ಉಳೀತು. ಇಲ್ಲಂದ್ರ ಯಾಕಂತರ ಗೊತ್ತಾಗ್ಲಿ. ಓಣ್ಯಾಗ ಎಲ್ಲಾರೂ ನನ್ನ ಕಾಲಗುಣ ಅಂತಾರ. ಮಾಸ ಈ ಸಲ ಎಲ್ಲೂ ಹೋಗಬಾರದು."

"ನಾ ನೋಡಕೋತೀನಿ" ಎಂದೆ.

ಡಾಕ್ಟರರು ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಡಬ್ಬಿ ತಂದರು. ನಂದಾಳ ಹೆಸರಿನ ಚೀಟಿ ಅಂಟಿಸಿ, ಕೆಳಗೆ ಕನ್ನಡದಲ್ಲೂ ಬರೆ ಎಂದು ನನ್ನ ಕೈಗೆ ಪೆನ್ನು ಕೊಟ್ಟರು. ಮಾಸು ಬಿದ್ದ ಕೂಡಲೇ, ತೊಳೆಯದೆ, ಡಬ್ಬಿಯಲ್ಲಿಟ್ಟು, ಕೆಡದ ಹಾಗೆ ಮುಳುಗುವಷ್ಟು ಫಾರ್ಮಲಿನ್ ಸುರಿದು ಮುಚ್ಚಳ ತಿರುಗಿಸಬೇಕು. ಇಷ್ಟೇ ಕೆಲಸ.

ಭರ್ತಿಯಾದ ಒಂಬತ್ತನೆಯ ದಿನ ಕೂಸು ಮಿಸುಕುವುದು ನಿಂತಿತು. ಮರುದಿನ ಮಧ್ಯಾಹ್ನ ಮೂರಕ್ಕೆ ಹೊರಬಂತು, ಹೆಣ್ಣು. ಯಮನೂರ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಇಬ್ಬರು ಗಂಡಸರ ಜೊತೆ ಸ್ಮಶಾನಕ್ಕೆ ಹೋದ. ಡಾಕ್ಟರ್ ಕುಂಕಳಿಕರ್ ಅಂದು ಪಣಜಿಗೆ ಹೋಗಿದ್ದರು. ನಾನು ಮಾಸಿನ ತಟ್ಟೆ ಹಿಡಿದು ಪಾತ್ರೆ ತೊಳೆಯುವ ಕೋಣೆಗೆ ಬಂದು, ಡಬ್ಬಿಯ ಮುಚ್ಚಳ ತೆಗೆದೆ. ಬಾಗಿಲಲ್ಲಿ ಸತ್ಯವ್ವ ನಿಂತಿದ್ದಳು.

"ಇಲ್ಲಿ ಬರಬಾರದ್ರಿ ಯವ್ವಾ. ಸಿಸ್ಟರ್ ಬೈತಾರ."

"ಬೈಲಿ ಬಿಡ. ನನ್ನ ಮನಿಯಾಗಿಂದ ನಾಕು ಕೂಸು ಮಣ್ಣಿಗೆ ಹೋದುವು, ಬೈಗಳ ಯಾ ಗಿಡದ ತಪ್ಪಲಾ?" ಒಳಗೇ ಬಂದಳು. ಕೈಯಲ್ಲಿ ಸೊಸೆಗೆ ಗಂಜಿ ತಂದಿದ್ದ ಸ್ಟೀಲಿನ ಡಬ್ಬಿ, ತೊಳೆದು ಒರೆಸಿದ್ದು. "ತಂಗಿ, ಅದನ್ನ ನನಗ ಕೊಡು."

"ಪರೀಕ್ಷಾಕ್ಕ ಕಳಸೂದೈತ್ರಿ. ನಂದಾನ ಸಹಿ ಮಾಡ್ಯಾಳ."

"ಆಕಿಗೇನ ತಿಳೀತೈತಿ? ನೀ ಹೇಳು. ಮೂರ ಸಲದ ಮಾಸ ಎಲ್ಲಿ ಒಗದ್ರಿ? ಕಸದ ಗಾಡ್ಯಾಗ ಒಗದ್ರಿ. ನಾಯಿ ಎಳದಾವೋ, ಹದ್ದು ಒಯ್ದಾವೋ, ಯಾರಿಗೆ ಗೊತ್ತು. ಮಾಸ ನಾಯಿ ಬಾಯಿಗೆ ಬಿದ್ರ ಮುಂದಿನ ಕೂಸು ನಿಲ್ಲಂಗಿಲ್ಲ. ನೀ ನಮ್ಮ ಕಡೆಯಾಕಿ ಅದಿ. ನಿನಗ ನಾ ಹೇಳಿಕೊಡಬೇಕೇನು?"

ಡಾಕ್ಟರರು ಕೇಳಿದ ಪ್ರಶ್ನೆಯನ್ನೇ ಈ ಮುದುಕಿ ಕೇಳುತ್ತಿದ್ದಳು.

"ಪರೀಕ್ಷಾ ಮಾಡಿ ತಿರುಗಿ ಕೊಡತಾರೇನು?"

"ಇಲ್ರಿ. ಕೊಯ್ದು ನೋಡತಾರ."

"ಕೊಯ್ತಾರ!" ಸತ್ಯವ್ವ ಒದ್ದೆ ನೆಲದ ಮೇಲೆ ಕುಕ್ಕರಿಸಿ ನನ್ನ ಕಾಲು ಮುಟ್ಟಿದಳು. ನನ್ನ ತಾಯಿಯ ವಯಸ್ಸಿನವಳು. "ನಿನಗ ಮಕ್ಕಳ ಎಷ್ಟು?"

"ಒಬ್ಬಾಕಿ. ಮೀನಾಕ್ಷಿ ಅಂತ. ಹತ್ತನೇ ಇಯತ್ತೆ ಓದತಾಳ."

"ಆಕಿ ಮಾಸ ಎಲ್ಲಿ ಹುಗದ್ರಿ?"

ವಾಸ್ಕೋದ ಬಾಡಿಗೆ ಖೋಲಿಯ ಬಚ್ಚಲಗಲ್ಲಿನ ಕೆಳಗೆ. ಅರಿಸಿಣ, ಉಪ್ಪು, ಬೇವಿನ ತಪ್ಪಲು ಹಾಕಿ ನನ್ನವ್ವ ಹುಗಿದಿದ್ದಳು. ಹುಗಿದ ಮೇಲೆ ಕಲ್ಲು ಅಲುಗದಂತೆ ಮೂರು ದಿನ ಅದರ ಮೇಲೆಯೇ ಕುಳಿತು ಪಾತ್ರೆ ತಿಕ್ಕಿದ್ದಳು. ನನ್ನ ಮಗಳು ಈಗ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಸತ್ಯವ್ವ ಸೆರಗಿನ ಗಂಟು ಬಿಚ್ಚಿದಳು. ಅದೇ ಅರಿಸಿಣ, ಅದೇ ಉಪ್ಪು, ಬಾಡಿದ ಬೇವು.

ನಾನು ತಟ್ಟೆಯನ್ನು ಅವಳ ಡಬ್ಬಿಗೆ ಬಗ್ಗಿಸಿದೆ.

ಅವಳು ಹೋದ ಮೇಲೆ ಇನ್ನೊಬ್ಬ ಆಯಾ ಖಾತುನ ಬಕೀಟು ಹಿಡಿದು ಬಂದಳು. ಬಾಯಿ ತೆರೆದ ಖಾಲಿ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಎಲ್ಲ ತಿಳಿಯಿತು ಅವಳಿಗೆ. "ಏ ಜಯಾ, ಅಷ್ಟ್ಯಾಕ ಅಂಜತಿ? ನಾಕನೇ ಬೆಡ್ಡಿನಾಕಿದು ಇದರಾಗ ಐತಿ, ಹಾಕಿ ಮುಚ್ಚ. ಮಾಸಕ್ಕೇನ ಮುಖ ಐತೇನು, ಡಾಕ್ಟರ್ ಗುರ್ತ ಹಿಡ್ಯಾಕ?"

ಬಕೀಟಿಗೆ ಕೈ ಹಾಕಿಯೂ ಬಿಟ್ಟಿದ್ದೆ. ಕೆಂಪಗೆ, ದಪ್ಪಗೆ, ಆರೋಗ್ಯವಾದ ಮಾಸು. ಇದನ್ನು ಕಳಿಸಿದರೆ ನಂದಾಳಿಗೆ ಯಾವ ರೋಗವೂ ಇಲ್ಲ ಎಂದು ಬರೆದು ಬರುತ್ತದೆ. ಆಮೇಲೆ ಉಳಿಯುವುದು ಕಾಲಗುಣ ಒಂದೇ. ಕೈ ತೆಗೆದು ತೊಳೆದುಕೊಂಡೆ.

ಆದರೆ ಅಂದೇ ದಾಬೋಲಿಮ್‌ಗೆ ಹೋಗಲಿಲ್ಲ. ಡ್ಯೂಟಿ ಬಿಟ್ಟಾಗ ಎಂಟು, ಮನೆಯಲ್ಲಿ ಮಗಳು ಹಸಿದು ಕುಳಿತಿರುತ್ತಾಳೆ, ನಾಳೆ ನೋಡೋಣ ಎಂದು ಬಸ್ಸು ಹತ್ತಿದೆ. ಅಂದೇ ಹೋಗಿದ್ದರೆ ಸಿಗುತ್ತಿತ್ತು. ಇದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರರು ಬಂದು ಡಬ್ಬಿಗೆ ಕೈ ಚಾಚಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕುರ್ಚಿಯ ಮೇಲೆ ಕುಳಿತು ಕನ್ನಡಕ ತೆಗೆದರು. "ನೆಲದಲ್ಲಿದ್ದರೂ ಚಿಂತೆಯಿಲ್ಲ, ಉಪ್ಪು ಹಾಕಿದ್ದರೂ ಚಿಂತೆಯಿಲ್ಲ. ಒಳಗಿನದು ಸ್ವಲ್ಪವಾದರೂ ಉಳಿದಿರುತ್ತದೆ. ಈಗಲೇ ಹೋಗು" ಎಂದರು. ಡಬ್ಬಿ ಚೀಲಕ್ಕೆ ಹಾಕಿಕೊಂಡು ಓಡಿದೆ.

ಸೈಟು ಮುಟ್ಟಿದಾಗ ಹನ್ನೊಂದು ದಾಟಿತ್ತು. ಮಿಕ್ಸರ್ ತಿರುಗುತ್ತಿತ್ತು. ಹೆಂಗಸರು, ಗಂಡಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಶೆಡ್ಡಿನ ಮುಂದೆ ಸತ್ಯವ್ವ ಕುಳಿತಿದ್ದಳು. ಎಷ್ಟೋ ದಿನದ ಮೇಲೆ ನಿದ್ದೆ ಕಂಡವರ ಮುಖ.

"ಬಾ ತಂಗಿ. ಚಾ ಮಾಡ್ಲಿ?"

"ಯವ್ವಾ, ಎಲ್ಲಿ ಹುಗದ್ರಿ? ಹೊಳ್ಳಿ ಬೇಕಾಗೇತ್ರಿ."

ಅವಳು ಮಿಕ್ಸರಿನತ್ತ ಗದ್ದ ತಿರುಗಿಸಿದಳು. "ನಮ್ಮದಂಬೂದು ಇಲ್ಲಿ ಒಂದ ಗೇಣ ನೆಲ ಇಲ್ಲ. ಶೆಡ್ಡ ಇವತ್ತ ಇಲ್ಲಿ, ನಾಳೆ ಇನ್ನೆಲ್ಲೋ. ಸುತ್ತ ಬರೇ ನಾಯಿ. ಅದಕ್ಕ ಯಮನೂರಗ ಹೇಳಿದೆ, ನಿನ್ನೆ ಸಂಜಿಕ ಆ ಮೂಲಿ ಕಂಬದ ಗುಂಡ್ಯಾಗ ಇಳದು ಮೊಣಕೈ ಮಟ ಅಗದು ಇಟ್ಟಾನ. ಮುಂಜಾನೆ ಅದರ ಮ್ಯಾಲ ಕಾಂಕ್ರೀಟ್ ಬಿತ್ತು. ಎಂಟ ಅಂತಸ್ತು ಬರತಾವಂತ. ಇನ್ನ ಯಾ ನಾಯಿ ಮುಟ್ಟತೈತಿ ನೋಡೂಣು."

ನಾನು ಗುಂಡಿಯ ಅಂಚಿಗೆ ಹೋದೆ. ಅರ್ಧ ತುಂಬಿತ್ತು, ಬೂದು ಬಣ್ಣದ ಹಸಿ ಮುದ್ದೆ. ಯಮನೂರ ಸಾಲಿನ ಕೊನೆಯಲ್ಲಿದ್ದ, ಅವನ ಕೈಯಿಂದಲೇ ಬುಟ್ಟಿ ಅದರೊಳಗೆ ಬೀಳುತ್ತಿತ್ತು. ಮಾಸು ಯಾಕೆ ಬೇಕು ಎಂದು ಅವನಿಗೆ ಮೊದಲ ಸಲ ಹೇಳಿದೆ. ಒಪ್ಪಿಗೆಯ ಕಾಗದದ ದಿನ ಅವನು ಕೆಲಸದ ಮೇಲಿದ್ದ, ಅವ್ವ ಅವನಿಗೆ ಏನೂ ಹೇಳಿರಲಿಲ್ಲ.

"ನಂದಾ ಬೇಕಂತಂದಿದ್ಲೇನ್ರಿ?" ಎಂದ.

"ಸಹಿ ಮಾಡಿದ್ಲು."

ಅವನು ಸಲಿಕೆ ಹಿಡಿದು ಗುಂಡಿಗೆ ಹಾರಿದ. ಒಂದು ಸಲಿಕೆ ಎತ್ತಿ ಹೊರಗೆ ಚೆಲ್ಲಿದ, ಎರಡು, ಮೂರು. ಎತ್ತಿದಷ್ಟೂ ಸುತ್ತಲಿನದು ಜಾರಿ ಬಂದು ತುಂಬಿಕೊಳ್ಳುತ್ತಿತ್ತು. "ಮುಟ್ಟಬ್ಯಾಡೋ ಯಮನೂರಾ, ಮುಟ್ಟಬ್ಯಾಡ! ಇದ್ದೊಂದೂ ಕಳೀಬ್ಯಾಡ!" ಎಂದು ಸತ್ಯವ್ವ ಎದೆ ಬಡಿದುಕೊಳ್ಳುತ್ತ ಬಂದಳು. ಕೂಲಿಯವರ ಮೇಲಿನ ಮುಕಾದಮ ಅಮೀನಪ್ಪ ಓಡಿ ಬಂದ. "ಲೇ, ತಲಿ ಕೆಟ್ಟೈತೇನು? ಕಬ್ಬಿಣ ಅಳ್ಳಾಡಿಸಿದ್ರ ಇಂಜಿನಿಯರ್ ನನ್ನ ಹುಗೀತಾನ ಇದರಾಗ!" ಯಮನೂರ ಮೊಣಕಾಲಿನವರೆಗೆ ಹೂತು ನಿಂತಿದ್ದ. ಇಬ್ಬರು ಹಿಡಿದು ಎಳೆದರು. ಒಂದು ಚಪ್ಪಲಿ ಒಳಗೇ ಉಳಿಯಿತು. ಅವನನ್ನು ಮೇಲೆ ತಂದದ್ದೇ ತಡ, ಮುಂದಿನ ಬುಟ್ಟಿ ಬಿತ್ತು.

ವಾರ್ಡಿನಲ್ಲಿ ನಂದಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಹಾಲು ಒಸರಿ ಕುಪ್ಪಸ ಒದ್ದೆಯಾಗಿತ್ತು. ಡಾಕ್ಟರರು ಮಂಚದ ಬದಿಗೆ ಕುಳಿತು ಮಾತಾಡಿದರು, ನಾನು ನಿಂತು ಹೇಳಿದೆ. ಆ ಕಾವಲಿನವರನ್ನು ತಣ್ಣಗೆ ಮಾಡುವ ಔಷಧಗಳಿವೆ. ಕೆಲವರಿಗೆ ಕೊಟ್ಟು ನೋಡಿದ್ದಾರೆ, ಕೆಲವರ ಕೂಸು ಉಳಿದಿವೆ. ಆದರೆ ಮೈಗೆ ಕೆಡುಕು ಮಾಡುವ ಔಷಧಗಳು, ಬರೀ ಊಹೆಯ ಮೇಲೆ ಕೊಡಲು ಮೇಲಿನವರು ಒಪ್ಪುವುದಿಲ್ಲ. ಮುಂದಿನ ಸಲದ ಮಾಸು ಸಿಕ್ಕರೆ ಖಾತ್ರಿಯಾಗುತ್ತದೆ.

ನಂದಾ ಈ ಕಡೆ ಹೊರಳಿದಳು. "ಅಂದ್ರ ನನಗ ಏನಾಗೇತಿ ಅಂತ ತಿಳ್ಕೊಳ್ಳಾಕ ಇನ್ನೊಂದ ಹೊರಬೇಕು. ಅದು ಸಾಯೂದನ್ನ ಕಾಯಬೇಕು. ಹೌದಿಲ್ರಿ?"

ನಾನು ಅದನ್ನು ಕೊಂಕಣಿಯಲ್ಲಿ ಹೇಳಲಿಲ್ಲ. ಡಾಕ್ಟರರು ನನ್ನ ಕಡೆ ನೋಡಲೂ ಇಲ್ಲ. ಅವರಿಗೆ ತಿಳಿದಿತ್ತು.

ಅವರು ಎದ್ದು ಹೋದ ಮೇಲೆ ನಂದಾ ನನ್ನ ಕಡೆ ತಿರುಗಿದಳು. ಬೈದಿದ್ದರೆ ಬಾಗಿ ಕೇಳುತ್ತಿದ್ದೆ. "ನಾ ನೋಡಕೋತೀನಿ ಅಂದಿದ್ರಿ" ಎಂದಳು, ಅಷ್ಟೇ. ಆಮೇಲೆ ಕೇಳಿದಳು: "ಆ ಡಬ್ಬಿ ಎಲ್ಲೈತಿ?"

ಚೀಲದಿಂದ ತೆಗೆದು ತೋರಿಸಿದೆ.

"ಒಗೀಬ್ಯಾಡ್ರಿ."

ಎಸೆಯಲಿಲ್ಲ. ಪಾತ್ರೆ ತೊಳೆಯುವ ಕೋಣೆಯ ಮೇಲಿನ ಹಲಗೆಯಲ್ಲಿ ಇಟ್ಟೆ. ಡಾಕ್ಟರರು ಆಸ್ಪತ್ರೆಯ ದೊಡ್ಡ ಸಾಹೇಬರಿಗೆ ನನ್ನ ಹೆಸರು ಹೇಳಲಿಲ್ಲ. ನನಗೆ ಅದೂ ಭಾರವಾಯಿತು. ಹೋದ ತಿಂಗಳು ಬಸ್ಸಿನಲ್ಲಿ ಹೋಗುವಾಗ ನೋಡಿದೆ, ಆ ಕಟ್ಟಡ ನಾಲ್ಕನೆಯ ಅಂತಸ್ತಿಗೆ ಏರಿದೆ, ಹಸಿರು ಪರದೆ ಕಟ್ಟಿದ್ದಾರೆ.

ಮೊನ್ನೆ ಸೋಮವಾರ ಹೊರರೋಗಿಗಳ ಸಾಲಿನಲ್ಲಿ ನಂದಾ ನಿಂತಿದ್ದಳು. ಪಕ್ಕದಲ್ಲಿ ಸತ್ಯವ್ವ. ನನ್ನನ್ನು ಕಂಡು ಮುದುಕಿಯ ಮುಖ ಅರಳಿತು. "ತಂಗಿ, ಈ ಸಲ ನಿಂದರತೈತಿ ನೋಡು. ಅಷ್ಟ ಭದ್ರ ಹುಗದೇನಿ."

ನಂದಾ ಅತ್ತೆಯ ಕಡೆ ತಿರುಗಲಿಲ್ಲ. "ಬಸುರಾಗಿ ಮೂರ ತಿಂಗಳಾತ್ರಿ ಅಕ್ಕಾರ" ಎಂದಳು. "ಡಬ್ಬಿ ಐತೇನ್ರಿ?"

ಒಳಗೆ ಕರೆದುಕೊಂಡು ಹೋಗಿ ಹಲಗೆಯಿಂದ ಇಳಿಸಿಕೊಟ್ಟೆ. ಸೆರಗಿನಿಂದ ಧೂಳು ಒರೆಸಿದಳು, ತನ್ನ ಹೆಸರು ಓದಿಕೊಂಡಳು. ಮುಚ್ಚಳ ತಿರುಗಿಸಿ ಬಿಚ್ಚಿದಳು, ಮತ್ತೆ ಬಿಗಿದಳು. ಬಿಗಿಯಾಗಿದೆಯೇ ಎಂದು ತಲೆಕೆಳಗು ಮಾಡಿ ಅಲುಗಾಡಿಸಿ ನೋಡಿ, ನನ್ನ ಕೈಗೆ ಕೊಟ್ಟಳು.